ಕಾಸ್ಟ್ ಪಾರ್ಷಿಯಲ್ ಫ್ರೇಮಿಗೆ ಯಾವ ಲೋಹ, ಯಾವ ಇನ್ವೆಸ್ಟ್‌ಮೆಂಟ್ (ಎರಕದ ಅಚ್ಚಿನ ಪುಡಿ)? ಹಾವೇರಿಯ ಪ್ರಶ್ನೆಗೆ ಅನುಭವಿಗಳ ಉತ್ತರ

ಪ್ರಶ್ನೆ (ಡೆಂಟಲ್ ಟೆಕ್ನಿಶಿಯನ್, ಹಾವೇರಿ)

ನಮಸ್ಕಾರ. ಅಕ್ರಿಲಿಕ್ ಸೆಟ್ ಮತ್ತು ಕ್ರೌನ್ ಕೆಲಸವನ್ನಷ್ಟೇ ಮಾಡುತ್ತಿದ್ದ ನಮ್ಮ ಚಿಕ್ಕ ಲ್ಯಾಬಿನಲ್ಲಿ, ಹಾಕಿ ತೆಗೆಯುವ ಪಾರ್ಷಿಯಲ್ (ಬಿದ್ದ ಕೆಲವೇ ಹಲ್ಲುಗಳ) ಸೆಟ್ಟಿನ ಲೋಹದ ಫ್ರೇಮನ್ನೂ ಎರಕ ಹೊಯ್ಯಬೇಕೆಂದಿದ್ದೇವೆ. ಸದ್ಯ ಆ ಕೆಲಸವೆಲ್ಲ ಹುಬ್ಬಳ್ಳಿಗೆ ಹೋಗುತ್ತಿದೆ. ಕ್ರೌನಿಗೆಂದು ತಂದ ನಿಕಲ್-ಕ್ರೋಮಿಯಂ ಕೈಯಲ್ಲಿದೆ. ಅದನ್ನೇ ಬಳಸಬಹುದೇ, ಕೋಬಾಲ್ಟ್-ಕ್ರೋಮಿಯಂ ಕೊಳ್ಳಬೇಕೇ, ಟೈಟೇನಿಯಂ ನಮ್ಮಂಥವರಿಗೆ ಸಾಧ್ಯವೇ? ಬಲ್ಲವರು ತಿಳಿಸಬೇಕು.

ಉತ್ತರ (ಲ್ಯಾಬ್ ನಡೆಸುವವರು, ಹುಬ್ಬಳ್ಳಿ)

ಕೋಬಾಲ್ಟ್-ಕ್ರೋಮಿಯಂನಿಂದಲೇ ಆರಂಭಿಸಿ. ಕೋಬಾಲ್ಟ್ ಸುಮಾರು 60ರಿಂದ 65, ಕ್ರೋಮಿಯಂ 25ರಿಂದ 30, ಮಾಲಿಬ್ಡಿನಂ 5ರಷ್ಟು ಶೇಕಡಾ ಇರುವ ಈ ಮಿಶ್ರಲೋಹ ಚಿನ್ನದ ಮಿಶ್ರಲೋಹಕ್ಕಿಂತ ಬಾಗಿಸಲು ಸುಮಾರು ಇಮ್ಮಡಿ ಕಷ್ಟ, ತೂಕದಲ್ಲಿ ಹೆಚ್ಚುಕಡಿಮೆ ಅರ್ಧ; ಅದರಿಂದಾಗಿಯೇ ಅಂಗುಳಿನ ತಗಡನ್ನು ಅರ್ಧ ಮಿಲಿಮೀಟರಿನ ಆಸುಪಾಸಿಗೆ ತೆಳುಗೊಳಿಸಿದರೂ ಬಾಗುವುದಿಲ್ಲ. ನಿಮ್ಮಲ್ಲಿರುವ ಲೋಹವನ್ನು ಪಿಂಗಾಣಿಯೊಡನೆ ಹೊಂದಿಕೊಳ್ಳಲೆಂದು ತಯಾರಿಸಿದ್ದಾರೆ. ಅದನ್ನು ಕ್ರೌನಿಗೇ ಇಟ್ಟುಕೊಳ್ಳಿ. ಫ್ರೇಮಿಗೆಂದು ತಯಾರಕರು ಸ್ಪಷ್ಟವಾಗಿ ಹೇಳಿರುವ ಲೋಹವನ್ನೇ ಕೊಳ್ಳಿ, ಕೊಳ್ಳುವಾಗ ಪೊಟ್ಟಣದ ಮೇಲಿನ ಸಂಯೋಜನೆಯನ್ನು ಓದಿ. ಹಲ್ಲಿನ ಲೋಹಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 22674ರ ಪ್ರಕಾರ ಬೆರಿಲಿಯಂ ಶೇಕಡಾ 0.02ನ್ನು ಮೀರುವಂತಿಲ್ಲ, ನಿಕಲ್ ಶೇಕಡಾ 0.1ನ್ನು ಮೀರಿದರೆ ತಿಳಿಸಲೇಬೇಕು. ಬೆರಿಲಿಯಂ ಇರುವ ಲೋಹ ಸಲೀಸಾಗಿ ಹರಿಯುತ್ತದೆ ಎಂದು ಮಾರುವವರು ಹೊಗಳಬಹುದು. ಆದರೆ ಅದನ್ನು ಉಜ್ಜುವಾಗ ಏಳುವ ದೂಳು ಹೋಗುವುದು ರೋಗಿಯ ಬಾಯಿಗಲ್ಲ, ನಮ್ಮ ಶ್ವಾಸಕೋಶಕ್ಕೆ.

ಇನ್ನು ನಿಮ್ಮ ಪ್ರಶ್ನೆಯಲ್ಲಿ ಇಲ್ಲದ, ಆದರೆ ಲೋಹಕ್ಕಿಂತ ಹೆಚ್ಚು ಕಾಡುವ ವಿಷಯ. ಈ ಲೋಹ ಕರಗಲು 1350 ಡಿಗ್ರಿ ಸೆಲ್ಸಿಯಸ್‌ಗೂ ಮೇಲ್ಪಟ್ಟ ಶಾಖ ಬೇಕಾಗುವುದರಿಂದ ಜಿಪ್ಸಂ ಬಂಧಕದ ಇನ್ವೆಸ್ಟ್‌ಮೆಂಟ್ ನಡೆಯುವುದಿಲ್ಲ. ಅದು ಒಡೆದು ಗಂಧಕದ ಅನಿಲ ಬಿಟ್ಟು ಎರಕವನ್ನು ಕೆಡಿಸುತ್ತದೆ. ಫಾಸ್ಫೇಟ್ ಬಂಧಕದ್ದೇ ಬೇಕು. ಲೋಹ ಆರುವಾಗ ಶೇಕಡಾ 2ಕ್ಕಿಂತ ಹೆಚ್ಚು ಕುಗ್ಗುತ್ತದೆ. ಆ ಕುಗ್ಗುವಿಕೆಯನ್ನು ಅಚ್ಚಿನ ಹಿಗ್ಗುವಿಕೆ ಸರಿದೂಗಿಸಬೇಕು, ಆ ಹಿಗ್ಗುವಿಕೆಯನ್ನು ನಿರ್ಧರಿಸುವುದು ಪುಡಿಗೆ ಬೆರೆಸುವ ಸಿಲಿಕಾ ದ್ರವದ ಸಾಂದ್ರತೆ. ಆದ್ದರಿಂದ ಮಾಡೆಲ್ (ರೋಗಿಯ ಬಾಯಿಯ ಪ್ರತಿಕೃತಿ) ಸುರಿಯುವ ಪುಡಿ, ಹೊರಗಿನಿಂದ ಮುಚ್ಚುವ ಪುಡಿ, ದ್ರವ, ಮಾಡೆಲ್ಲಿನ ನಕಲು ತೆಗೆಯುವ ಡ್ಯೂಪ್ಲಿಕೇಟಿಂಗ್ ಜೆಲ್ ಎಲ್ಲವನ್ನೂ ಒಂದೇ ತಯಾರಕರಿಂದ ಒಂದು ಸಂಸಾರದಂತೆ ಕೊಳ್ಳಿ. ಒಬ್ಬರ ಪುಡಿಗೆ ಇನ್ನೊಬ್ಬರ ದ್ರವ ಬೆರೆಸಿ, ಫ್ರೇಮು ಮಾಡೆಲ್ಲಿನ ಮೇಲೆ ಕೂಡದಿದ್ದಾಗ ಲೋಹವನ್ನು ದೂರುವವರನ್ನು ಬಹಳ ನೋಡಿದ್ದೇನೆ. ಅಗಾರ್ ಜೆಲ್ ಮತ್ತೆ ಮತ್ತೆ ಕಾಯಿಸಿ ಬಳಸಬಹುದಾದ್ದರಿಂದ ಅಗ್ಗ, ಆದರೆ ನೀರು ಆವಿಯಾದಂತೆ ಗಟ್ಟಿಯಾಗುತ್ತದೆ. ಸಿಲಿಕೋನ್ ದುಬಾರಿ, ಆದರೆ ಅಳತೆಯಲ್ಲಿ ಮೋಸವಿಲ್ಲ.

ಅಸಿಟಿಲೀನ್ ಟಾರ್ಚಿನ ಬದಲು ವಿದ್ಯುತ್ತಿನಿಂದ ಲೋಹ ಕರಗಿಸುವ ಇಂಡಕ್ಷನ್ ಯಂತ್ರಕ್ಕೆ ಹಣ ಹಾಕಿ. ಜ್ವಾಲೆಯಲ್ಲಿ ಅಸಿಟಿಲೀನ್ ಸ್ವಲ್ಪ ಹೆಚ್ಚಾದರೂ ಇಂಗಾಲ ಲೋಹಕ್ಕೆ ಸೇರಿ ಕ್ಲಾಸ್ಪ್ (ಹಲ್ಲನ್ನು ಹಿಡಿಯುವ ಕೊಕ್ಕೆ) ಪೆಡಸಾಗುತ್ತದೆ. ಎರಕದ ಬಳಿಕ ಉಳಿದ ಬಟನ್ನನ್ನು (ಲೋಹದ ಗಟ್ಟಿಯನ್ನು) ಮತ್ತೆ ಕರಗಿಸುವುದಾದರೆ ಅದೇ ಲೋಹದ್ದಾಗಿರಲಿ, ಅರ್ಧಕ್ಕೆ ಕಡಿಮೆಯಿಲ್ಲದಂತೆ ಹೊಸ ಲೋಹ ಸೇರಿಸಿ.

ಟೈಟೇನಿಯಂ ಮನುಷ್ಯನ ಮೈಗೆ ಒಗ್ಗುವ ಹಗುರ ಲೋಹ, ನಿಜ. ಆದರೆ 1668 ಡಿಗ್ರಿಯಲ್ಲಿ ಕರಗುವ ಅದು ಗಾಳಿಯ ಆಮ್ಲಜನಕ, ಸಾರಜನಕಗಳನ್ನೂ ಸಾಮಾನ್ಯ ಇನ್ವೆಸ್ಟ್‌ಮೆಂಟಿನ ಸಿಲಿಕಾವನ್ನೂ ಬಿಡದೆ ಪ್ರತಿಕ್ರಿಯಿಸುತ್ತದೆ. ಆರ್ಗಾನ್ ತುಂಬಿದ ಪ್ರತ್ಯೇಕ ಯಂತ್ರವಿಲ್ಲದೆ ಆ ದಾರಿಗೆ ಹೋಗಬೇಡಿ.

ಉತ್ತರ (ಟೆಕ್ನಿಶಿಯನ್, ಗದಗ)

ಹುಬ್ಬಳ್ಳಿಯ ಹಿರಿಯರು ಹೇಳಿದ್ದಕ್ಕೆ ನಮ್ಮ ಕಡೆಯ ಬಿಸಿಲನ್ನು ಸೇರಿಸುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲಿ ಫಾಸ್ಫೇಟ್ ಪುಡಿ ಬಟ್ಟಲಲ್ಲಿಯೇ ಗಟ್ಟಿಯಾಗಲು ಶುರುವಾಗುತ್ತದೆ, ವ್ಯಾಕ್ಯೂಮಿನಲ್ಲಿ ಕಲಸಿ ಮುಗಿಸುವಷ್ಟು ಪುರಸೊತ್ತು ಸಿಗುವುದಿಲ್ಲ. ಪುಡಿ, ದ್ರವ ಎರಡನ್ನೂ ತಂಪಾದ ಕೋಣೆಯಲ್ಲಿಡಿ. ದ್ರವವನ್ನು ಫ್ರಿಜ್ಜಿನ ಕೆಳಭಾಗದಲ್ಲಿಡಬಹುದು, ಹೆಪ್ಪುಗಟ್ಟಲು ಮಾತ್ರ ಬಿಡಬೇಡಿ, ಒಮ್ಮೆ ಹೆಪ್ಪುಗಟ್ಟಿದರೆ ಅದು ಚೆಲ್ಲಲಷ್ಟೇ ಯೋಗ್ಯ. ಮಳೆಗಾಲದಲ್ಲಿ ತೆರೆದ ಚೀಲ ತೇವ ಹೀರುತ್ತದೆ. ಬರ್ನ್‌ಔಟ್ (ಅಚ್ಚನ್ನು ಕಾಯಿಸಿ ಒಳಗಿನ ಮೇಣ ಸುಡುವ ಹಂತ) ನಡುವೆ ಕರೆಂಟ್ ಹೋಗಿ ಅಚ್ಚು ಪೂರ್ತಿ ಆರಿದರೆ ಅದನ್ನು ಮತ್ತೆ ಕಾಯಿಸಬೇಡಿ, ಬಿರುಕು ಬಿಡುತ್ತದೆ. ಫರ್ನೇಸಿಗೆ ಜನರೇಟರ್ ಸಂಪರ್ಕವನ್ನು ಮೊದಲೇ ಮಾಡಿಸಿಕೊಳ್ಳಿ. ಅಚ್ಚು ಒಡೆಯುವಾಗ ಒದ್ದೆ ಮಾಡಿಕೊಳ್ಳಿ, ಒಳ್ಳೆಯ ಮಾಸ್ಕ್ ಹಾಕಿಕೊಳ್ಳಿ. ಅದು ಸಿಲಿಕಾ ದೂಳು.

ಉತ್ತರ (ಪ್ರಾಸ್ಥೊಡಾಂಟಿಸ್ಟ್ ಅಂದರೆ ಕೃತಕ ಹಲ್ಲಿನ ತಜ್ಞ ವೈದ್ಯರು, ಧಾರವಾಡ)

ವೈದ್ಯರ ಕಡೆಯಿಂದ ಎರಡು ಮಾತು. ಕೋಬಾಲ್ಟ್-ಕ್ರೋಮಿಯಂ ಕ್ಲಾಸ್ಪಿನ ತುದಿಗೆ 0.25 ಮಿಲಿಮೀಟರ್ ಅಂಡರ್‌ಕಟ್ (ಹಲ್ಲಿನ ಉಬ್ಬಿನ ಕೆಳಗಿನ ತಗ್ಗು) ಸಾಕು. ತೋಳು ಗಿಡ್ಡವಾಗುವ ಮುಂದವಡೆ ಹಲ್ಲಿನಲ್ಲಿ ಎರಕದ ತೋಳಿಗಿಂತ, 0.5 ಮಿಲಿಮೀಟರ್‌ವರೆಗೂ ಹೋಗಬಲ್ಲ ಬಾಗಿಸಿದ ತಂತಿಯ ಕ್ಲಾಸ್ಪ್ ಮೇಲು. ಸಡಿಲವಾಯಿತೆಂದು ಎರಕದ ಕ್ಲಾಸ್ಪನ್ನು ಪ್ಲೈಯರಿನಿಂದ ಪದೇ ಪದೇ ಒತ್ತಿದರೆ ಮುರಿಯುವುದೇ ಹೆಚ್ಚು, ಆದ್ದರಿಂದ ಅಂಡರ್‌ಕಟ್ ಎಷ್ಟು, ಎಲ್ಲಿ ಎಂಬುದನ್ನು ಸರ್ವೇಯರ್ ಎಂಬ ಅಳತೆಯ ಉಪಕರಣದಲ್ಲಿ ಗುರುತಿಸಿ ಬರೆದು ಕಳಿಸದ ವೈದ್ಯರಿಗೆ ಮಾಡೆಲ್ಲನ್ನು ಮರಳಿಸುವ ಹಕ್ಕು ನಿಮಗಿದೆ. ನಕಲಿ ಓಲೆ ಹಾಕಿದರೆ ಕಿವಿ ಕೆರೆದು ನೀರಾಡುತ್ತದೆಯೇ ಎಂದು ನಾನು ಮಹಿಳಾ ರೋಗಿಗಳನ್ನು ಕೇಳಿಯೇ ಕೇಳುತ್ತೇನೆ; ಹೌದೆಂದರೆ ನಿಕಲ್ ಅಲರ್ಜಿ ಇರಬಹುದಾದ್ದರಿಂದ ನಿಕಲ್ ಇರುವ ಲೋಹ ಬೇಡವೆಂದು ಚೀಟಿಯಲ್ಲಿ ಬರೆಯುತ್ತೇನೆ. ಮತ್ತೊಂದು, ಪಾಲಿಶ್ ಆದ ಫ್ರೇಮನ್ನು ಹತ್ತಿರದ ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ತೆಗೆಸಿ ನೋಡಿ. ಕ್ಲಾಸ್ಪ್ ಬಂದು ಕೂಡುವ ಸಂದಿಯಲ್ಲಿ ಕರಿ ಚುಕ್ಕೆ ಕಂಡರೆ ಒಳಗೆ ಗುಳ್ಳೆಯಿದೆ ಎಂದರ್ಥ, ಸ್ಪ್ರೂವನ್ನು (ಲೋಹ ಅಚ್ಚಿಗೆ ಹರಿಯುವ ದಾರಿಯನ್ನು) ದಪ್ಪ ಮಾಡಿ ಇನ್ನೊಮ್ಮೆ ಹೊಯ್ಯಬೇಕಾಗುತ್ತದೆ.