ಗೇಮ್ ಬಿಟ್ಟ ಮೇಲೆ ಸಂಜೆ 7ರಿಂದ 11ರವರೆಗೆ ಏನು ಮಾಡೋದು? ಹಾಸನ, ಚಿಕ್ಕಮಗಳೂರು ಕಡೆಯವರು ಹೇಳಿ

ಕೇಳಿದವರು (ಹಾಸನ, ವಿದ್ಯಾನಗರ):
ವಯಸ್ಸು 23. ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ಕೆಲಸ. ಮನೆಗೆ ಬಂದರೆ ಫೋನಲ್ಲಿ ಬಿಜಿಎಂಐ, ರಜಾ ದಿನ ಕಂಪ್ಯೂಟರಲ್ಲಿ ವ್ಯಾಲೊರಂಟ್, ಎರಡೂ ಗುಂಡು ಹಾರಿಸೋ ಆಟ. ದಿನಕ್ಕೆ 5 ಗಂಟೆ ದಾಟುತ್ತೆ. ಮೂರು ಸಲ ಡಿಲೀಟ್ ಮಾಡಿದ್ದೆ, ಮೂರು ಸಲವೂ ವಾರದೊಳಗೆ ವಾಪಸ್. "ಹೊರಗೆ ಹೋಗು, ಏನಾದ್ರೂ ಹವ್ಯಾಸ ಹಚ್ಕೋ" ಅಂತ ಎಲ್ಲರೂ ಹೇಳ್ತಾರೆ. ಎಲ್ಲಿ, ಎಷ್ಟು ಹೊತ್ತು, ಹೆಂಗೆ ಶುರು ಮಾಡೋದು ಅಂತ ಯಾರೂ ಹೇಳಲ್ಲ. ಗೊತ್ತಿರೋರು ಬಿಡಿಸಿ ಹೇಳಿ.

ಸಾಲಗಾಮೆ ರಸ್ತೆ:
ಮೊದಲು ಮೂರು ಸಲ ಯಾಕೆ ವಾಪಸ್ ಬಂತು ನೋಡೋಣ. ಆ್ಯಪ್ ತೆಗೆದ ಮಾತ್ರಕ್ಕೆ ಗೇಮ್ ಹೋಗಲ್ಲ. ನಿಮ್ಮ ರ‍್ಯಾಂಕ್, ಸ್ಕಿನ್ (ಆಟದ ವೇಷ), ಕೊಂಡ ಯುಸಿ (ಆಟದೊಳಗಿನ ದುಡ್ಡು) ಎಲ್ಲ ಕಂಪನಿ ಸರ್ವರಲ್ಲಿ ನಿಮ್ಮ ಗೂಗಲ್ ಖಾತೆಗೋ ಫೇಸ್‌ಬುಕ್ಕಿಗೋ ಅಂಟಿಕೊಂಡು ಕೂತಿರುತ್ತೆ. ಮತ್ತೆ ಇಳಿಸಿಕೊಂಡು ಲಾಗಿನ್ ಆದರೆ ಬಿಟ್ಟಲ್ಲಿಂದಲೇ ಶುರು. ಬಾಗಿಲು ಎಳೆದುಕೊಂಡಿದ್ದೀರಿ, ಚಿಲಕ ಹಾಕಿಲ್ಲ.

ಚಿಲಕ ಹಾಕೋ ಕ್ರಮ ಹೇಳ್ತೀನಿ. ಮೊದಲು ದುಡ್ಡಿನ ದಾರಿ ಮುಚ್ಚಿ. ಪ್ಲೇ ಸ್ಟೋರಲ್ಲಿ ನಿಮ್ಮ ಚಿತ್ರದ ಮೇಲೆ ಒತ್ತಿ, ಪೇಮೆಂಟ್ಸ್ ಅಂಡ್ ಸಬ್‌ಸ್ಕ್ರಿಪ್ಷನ್ಸ್ ಒಳಗೆ ಹೋಗಿ, ತಿಂಗಳ ಚಂದಾ ಏನಿದ್ದರೂ ಕ್ಯಾನ್ಸಲ್ ಮಾಡಿ. ಆ್ಯಪ್ ಅಳಿಸಿದರೆ ಚಂದಾ ತಾನಾಗೇ ನಿಲ್ಲಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಯುಪಿಐ ಆ್ಯಪಲ್ಲಿ ಆಟೋಪೇ ಅಂತ ಒಂದು ಪುಟ ಇರುತ್ತೆ, ಅದನ್ನೂ ತೆಗೆದು ನೋಡಿ.

ಆಮೇಲೆ ಆ್ಯಪಲ್ಲ, ಖಾತೆಯನ್ನೇ ಅಳಿಸಿ. ವ್ಯಾಲೊರಂಟ್ ಕಂಪನಿ ರಾಯಟ್, ಹಾಗೇ ಕಂಪ್ಯೂಟರ್ ಆಟ ಮಾರೋ ಸ್ಟೀಮ್, ಇಬ್ಬರೂ ಸಪೋರ್ಟ್ ಪುಟದಲ್ಲಿ ಅಕೌಂಟ್ ಡಿಲೀಟ್ ಕೇಳಿದರೆ 30 ದಿನ ಕಾಯ್ತಾರೆ, ಅಷ್ಟರೊಳಗೆ ಮನಸ್ಸು ಬದಲಾದರೆ ವಾಪಸ್ ಕೊಡ್ತಾರೆ. ಮುಗ್ಗರಿಸೋದು ಈ 30 ದಿನದಲ್ಲೇ. ಪಾಸ್‌ವರ್ಡನ್ನು ಅಕ್ಕನೋ ತಮ್ಮನೋ ಟೈಪ್ ಮಾಡಿ ಬದಲಾಯಿಸಲಿ, ಚೀಟಿ ಅವರ ಹತ್ತಿರವೇ ಇರಲಿ.

ಪ್ಲೇ ಸ್ಟೋರ್ ಸೆಟ್ಟಿಂಗ್ಸ್, ಫ್ಯಾಮಿಲಿ, ಪೇರೆಂಟಲ್ ಕಂಟ್ರೋಲ್ಸ್. ಇಲ್ಲಿ ಪಿನ್ ಕೂಡ ಅವರೇ ಹಾಕಲಿ, ವಯಸ್ಸಿನ ಮಿತಿ 7+ ಇಟ್ಟರೆ ಗುಂಡು ಹಾರಿಸೋ ಆಟ ಇಳಿಯೋದೇ ಇಲ್ಲ. ಆಗಲೇ ಫೋನಲ್ಲಿ ಇರೋದನ್ನ ಇದು ತೆಗೆಯಲ್ಲ, ಅದನ್ನ ಮೊದಲೇ ಅಳಿಸಿರಬೇಕು. ಪ್ಲೇ ಸ್ಟೋರ್ ಬಿಟ್ಟು ಹೊರಗಿಂದ ಹಾಕೋ ಎಪಿಕೆ ಫೈಲಿನ ಕಳ್ಳದಾರಿಗೆ "ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್" ಅನುಮತಿ ಕ್ರೋಮ್, ವಾಟ್ಸಾಪ್, ಫೈಲ್ ಮ್ಯಾನೇಜರ್ ಮೂರಕ್ಕೂ ತೆಗೀರಿ. ಬಳಕೆಗೆ ಮಿತಿ ಹಾಕೋ ಫೋನಿನ ಡಿಜಿಟಲ್ ವೆಲ್‌ಬೀಯಿಂಗ್ ಟೈಮರ್ ಒಂದನ್ನೇ ನಂಬಬೇಡಿ, ಹಾಕಿದ ಕೈಯೇ ಎರಡು ಒತ್ತಲ್ಲಿ ತೆಗೆಯುತ್ತೆ.

ಕಂಪ್ಯೂಟರ್ ಕೆಲಸಕ್ಕೂ ಬೇಕಾದರೆ ನಿಮಗೆ ವಿಂಡೋಸಲ್ಲಿ ಸ್ಟ್ಯಾಂಡರ್ಡ್ ಯೂಸರ್ ಖಾತೆ ಮಾಡಿ, ಅಡ್ಮಿನ್ ಪಾಸ್‌ವರ್ಡ್ ಮನೆಯವರಿಗೆ ಕೊಡಿ. ವ್ಯಾಲೊರಂಟಿನ ಜೊತೆ ಬರೋ, ಮೋಸದಾಟ ತಡೆಯೋ ವ್ಯಾನ್‌ಗಾರ್ಡ್ ಸಾಫ್ಟ್‌ವೇರ್ ಅಡ್ಮಿನ್ ಅನುಮತಿ ಇಲ್ಲದೆ ಕೂರಲ್ಲ, ಹಾಗಾಗಿ ಈ ಒಂದು ಆಟಕ್ಕೆ ಇದು ಒಳ್ಳೇ ಬೀಗ. ಎಲ್ಲ ಆಟಕ್ಕೂ ಅಲ್ಲ.

ಗೇಮ್ ಐಡಿ ಮಾರಬೇಡಿ. ಮಾರಾಟ ನಿಯಮಕ್ಕೆ ವಿರುದ್ಧ, ದುಡ್ಡು ಹಾಕ್ತೀನಿ ಅಂದವನು ನಾಪತ್ತೆ ಆಗೋದು ಮಾಮೂಲು, ಜೊತೆಗೆ ಲಿಂಕ್ ಆಗಿರೋ ನಿಮ್ಮ ಗೂಗಲ್ ಖಾತೆಯೂ ಅವನ ಕೈಗೆ ಹೋಗುತ್ತೆ.

ಅರಸೀಕೆರೆ ಕಡೆಯವರು:
ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸಿ. ಆಡೋದು ನಿಂತರೂ ಬೇರೆಯವರು ಆಡೋದನ್ನ ನೋಡೋದು ನಿಲ್ಲಲ್ಲ, ವಾಪಸ್ ಎಳೆಯೋದು ಆ ಸ್ಟ್ರೀಮುಗಳೇ. ಯೂಟ್ಯೂಬಲ್ಲಿ ಹಳೇ ವಾಚ್ ಹಿಸ್ಟರಿ ಪೂರ್ತಿ ಅಳಿಸಿ, ಆಮೇಲೆ ಅದನ್ನ ಆಫ್ ಮಾಡಿ. ಹೋಮ್ ಪುಟ ಖಾಲಿ ಬರುತ್ತೆ. ಬೇಕಾದ್ದನ್ನ ಹುಡುಕಿಯೇ ನೋಡಬೇಕು. ಗೇಮ್ ಆಡೋರು ಹರಟೆ ಹೊಡೆಯೋ ಡಿಸ್ಕಾರ್ಡ್ ಸರ್ವರುಗಳಿಂದ ಹೊರಗೆ ಬನ್ನಿ, ಮ್ಯೂಟ್ ಸಾಲದು.

ಚಿಕ್ಕಮಗಳೂರು, ಹೆಸರು ಬೇಡ:
ಫೋನಿನ ಬೀಗದ ಕೆಲಸ ಒಂದು ಸಂಜೆಯಲ್ಲಿ ಮುಗಿಯುತ್ತೆ. ಕಷ್ಟ ಇರೋದು ಆಮೇಲಿನ ಹದಿನೈದು ದಿನ. ಏನಾಗುತ್ತೆ ಅಂತ ಮೊದಲೇ ಗೊತ್ತಿದ್ದರೆ ಹೆದರಿಕೆ ಆಗಲ್ಲ. ಸಣ್ಣ ಮಾತಿಗೂ ರೇಗುತ್ತೆ, ನಿದ್ದೆ ತಡ ಆಗುತ್ತೆ, ಊಟ ಮಾಡ್ತಾ ಎಡಗೈ ಸುಮ್ಮನೆ ಫೋನ್ ಹುಡುಕುತ್ತೆ, ಯಾವುದರಲ್ಲೂ ರುಚಿ ಇಲ್ಲ ಅನಿಸುತ್ತೆ. ರುಚಿ ಇಲ್ಲದ್ದು ಹವ್ಯಾಸದ ತಪ್ಪಲ್ಲ. ಗೇಮಲ್ಲಿ ಅರ್ಧ ನಿಮಿಷಕ್ಕೊಂದು ಏನೋ ಸಿಗುತ್ತೆ: ಒಂದು ಕಿಲ್, ಒಂದು ಪೆಟ್ಟಿಗೆ, ಒಂದು ಶಬ್ದ. ಅದರ ಪಕ್ಕ ಪುಸ್ತಕ ಇಟ್ಟರೆ ಪುಸ್ತಕ ಸಪ್ಪೆಯಾಗದೆ ಇನ್ನೇನು? ಮೊದಲ ತಿಂಗಳು "ಇದು ನನಗೆ ಇಷ್ಟವಾ" ಅಂತ ಕೇಳಿಕೊಳ್ಳಲೇಬೇಡಿ, ಉತ್ತರ "ಇಲ್ಲ" ಅಂತಲೇ ಬರುತ್ತೆ.

ಆಡಬೇಕು ಅನ್ನೋ ಸೆಳೆತ ಅಲೆ ಥರ, ಏರಿ ಇಳಿಯುತ್ತೆ. ಕಾಲು ಗಂಟೆ, ಹೆಚ್ಚೆಂದರೆ ಅರ್ಧ ಗಂಟೆ. ಆಗ ಕೂತಿದ್ದರೆ ಎದ್ದು ನಿಲ್ಲಿ, ಮನೆಯೊಳಗಿದ್ದರೆ ಹೊರಗೆ ಬನ್ನಿ. ಪಾತ್ರೆ ತೊಳೆದರೂ ಆಯ್ತು, ಒದ್ದೆ ಕೈಯಲ್ಲಿ ಫೋನ್ ಹಿಡಿಯಕ್ಕಾಗಲ್ಲ.

ರಾತ್ರಿ ಚಾರ್ಜರ್ ಹಜಾರದಲ್ಲಿರಲಿ, ಮಲಗೋ ಕೋಣೆಯಲ್ಲಿ ಬೇಡ. ಏಳೋಕೆ ಟೇಬಲ್ ಗಡಿಯಾರದ ಅಲಾರಂ. ಇನ್ನೊಂದು ಮಾತು, ಕಾಫಿನಾಡಲ್ಲಿ ಹೇಳಬಾರದು, ಆದರೂ ಹೇಳ್ತೀನಿ: ಸಂಜೆ 4ರ ಮೇಲೆ ಕಾಫಿ ಬೇಡ, ಎರಡು ವಾರದ ಮಟ್ಟಿಗೆ. ನಿದ್ದೆ ಬರದ ರಾತ್ರಿ 12ಕ್ಕೇ ಹೆಚ್ಚು ಜನ ಮತ್ತೆ ಇಳಿಸಿಕೊಳ್ಳೋದು.

ಹೊಳೆನರಸೀಪುರ:
ಪೂರ್ತಿ ಬಿಡಲೇಬೇಕಾ? ಭಾನುವಾರ 2 ಗಂಟೆ ಅಂತ ಇಟ್ಟುಕೊಂಡರೆ ಆಗಲ್ವಾ?

ಚಿಕ್ಕಮಗಳೂರು, ಹೆಸರು ಬೇಡ:
ಕೆಲವರಿಗೆ ಆಗುತ್ತೆ. ಕಥೆ ಮುಗಿದರೆ ಮುಗಿಯಿತು ಅನ್ನೋ ಒಬ್ಬರೇ ಆಡೋ ಆಟಕ್ಕೆ ಆ ಲೆಕ್ಕ ನಡೆಯುತ್ತೆ. ರ‍್ಯಾಂಕು, ಸೀಸನ್ನು, ರಾಯಲ್ ಪಾಸ್ (ದುಡ್ಡು ಕೊಟ್ಟು ಕೊಳ್ಳೋ ಸೀಸನ್ ಬಹುಮಾನ) ಇರೋ ಆಟಕ್ಕೆ ನಡೆಯಲ್ಲ. ದಿನಾ ಬಂದರೆ ಬಹುಮಾನ, ಬರದಿದ್ದರೆ ನಷ್ಟ ಅಂತಲೇ ಅದನ್ನ ಕಟ್ಟಿರೋದು. ಭಾನುವಾರ 2 ಗಂಟೆ ಆಡಿದವನು ಸೋಮವಾರದಿಂದ ಶನಿವಾರದವರೆಗೆ ಹಿಂದೆ ಬಿದ್ದೆ ಅಂತ ಲೆಕ್ಕ ಹಾಕ್ತಾ ಕೂರ್ತಾನೆ. ಮೂರು ಸಲ ಜಾರಿದವರಿಗೆ ನನ್ನ ಮತ ಪೂರ್ತಿ ಬಿಡೋದೇ. ಕನಿಷ್ಠ 90 ದಿನ.

ಕುವೆಂಪುನಗರ, ಹಾಸನ:
ಸಂಜೆಯ ಪ್ರಶ್ನೆಗೆ ಬರ್ತೀನಿ. ಗೇಮಿನ ಜಾಗಕ್ಕೆ ಬರೋ ಕೆಲಸಕ್ಕೆ ಮೂರು ಗುಣ ಬೇಕು. ಗಂಟೆ ಗೊತ್ತಿರಬೇಕು, ನೀವು ಬರದಿದ್ದರೆ "ಎಲ್ಲಪ್ಪಾ ಇದ್ದೀಯ" ಅಂತ ಫೋನ್ ಮಾಡೋರು ಇರಬೇಕು, ಮೈ ದಣೀಬೇಕು. ಒಬ್ಬರೇ ಮನೇಲಿ ಗಿಟಾರ್ ಕಲಿಯೋದರಲ್ಲಿ ಮೂರೂ ಇಲ್ಲ, ಅದಕ್ಕೇ ಅದು ಮಂಚದ ಕೆಳಗೆ ಸೇರೋದು.

ಸುಲಭಕ್ಕೆ ಸಿಗೋದು ಬ್ಯಾಡ್ಮಿಂಟನ್. ಸೋಮ, ಬುಧ, ಶುಕ್ರ 7ರಿಂದ 8. ಕೋರ್ಟಿಗೆ ನಾಲ್ಕು ಜನ ಸಾಕು ಅಂತ ನಾಲ್ಕೇ ಜನರ ಗುಂಪು ಮಾಡಬೇಡಿ. ಒಬ್ಬರು ತಪ್ಪಿದ ದಿನ ಆಟ ನಿಲ್ಲುತ್ತೆ, ಎರಡು ಸಲ ಹಂಗಾದರೆ ಗುಂಪೇ ಒಡೆಯುತ್ತೆ. ಆರು ಜನ ಇರಲಿ. ಬಾಡಿಗೆ ತಿಂಗಳ ಮೊದಲೇ ಎಲ್ಲರಿಂದ ವಸೂಲಿ ಮಾಡಿ, ಕೊಟ್ಟ ದುಡ್ಡು ಕಾಲು ಎಳೆಯುತ್ತೆ. ಶಟಲ್ ನೈಲಾನಿಂದು ತಗೊಳ್ಳಿ, ಆರರ ಡಬ್ಬಿ ಬರುತ್ತೆ, ಗರಿಯದ್ದು ಹೊಸಬರ ಕೈಯಲ್ಲಿ ಒಂದೇ ಆಟಕ್ಕೆ ಹರಿದುಹೋಗುತ್ತೆ. ಕೋರ್ಟಿಗೆ ಗಮ್ ರಬ್ಬರ್ ಅಟ್ಟೆಯ, ನೆಲಕ್ಕೆ ಗುರುತು ಬೀಳದ ನಾನ್ ಮಾರ್ಕಿಂಗ್ ಶೂ. ಓಡೋ ಶೂ ಹಿಮ್ಮಡಿ ಎತ್ತರ, ಪಕ್ಕಕ್ಕೆ ಹಾರಿದಾಗ ಕಣಕಾಲು ಉಳುಕುತ್ತೆ. ಬಿಟ್ಟ ಹುರುಪಲ್ಲಿ ಮೊದಲ ವಾರವೇ ದಿನಾ ಆಡಿ ಮೊಣಕೈ ನೋವು ತಂದುಕೊಳ್ಳೋರು ಜಾಸ್ತಿ. ನೋವು ಅಂದ್ರೆ ಮನೇಲಿ ಕೂರೋದು, ಕೂತರೆ ಫೋನು. ಮೊದಲ ತಿಂಗಳು ವಾರಕ್ಕೆ ಮೂರೇ ದಿನ.

ಉಳಿದ ಸಂಜೆ ಗೆಂಡೆಕಟ್ಟೆ ಕಡೆಯೋ ಮಹಾರಾಜ ಪಾರ್ಕಿಗೋ 40 ನಿಮಿಷ ನಡೀರಿ. ಚಿಕ್ಕಮಗಳೂರಿನವರಿಗೆ ರತ್ನಗಿರಿ ಬೋರೆ ಇದೆ. 9ಕ್ಕೆ ಊಟ, 10:30ಕ್ಕೆ ಫೋನ್ ಹಜಾರಕ್ಕೆ. ಅಲ್ಲಿಗೆ ನಿಮ್ಮ 7ರಿಂದ 11 ಮುಗೀತು.

ಬೇಲೂರು:
ಭಾನುವಾರಕ್ಕೆ ಸೈಕಲ್. ಬೇಲೂರಿಂದ ಹಳೇಬೀಡಿಗೆ 16 ಕಿಲೋಮೀಟರ್, ಹೊಸಬರಿಗೆ ಹೋಗಿ ಬರೋಕೆ ಸರಿಯಾದ ದೂರ. ಸೀಟಿನ ಎತ್ತರ ಹೀಗೆ ನೋಡಿ: ಹಿಮ್ಮಡಿ ಪೆಡಲ್ ಮೇಲಿಟ್ಟು, ಪೆಡಲ್ ಕೆಳಗಿದ್ದಾಗ ಕಾಲು ನೆಟ್ಟಗಾಗಬೇಕು. ತಗ್ಗಿದ್ದರೆ ಮಂಡಿ ನೋವು ಗ್ಯಾರಂಟಿ. ದಪ್ಪ ಟೈರಿಗೆ ಗಾಳಿ 35 ಪಿಎಸ್‌ಐ ಆಸುಪಾಸು, ಟೈರಿನ ಪಕ್ಕದಲ್ಲೇ ಅಚ್ಚು ಹಾಕಿರುತ್ತೆ. ಒಂದು ಟ್ಯೂಬು, ಎರಡು ಟೈರ್ ಲಿವರ್, ಕೈಪಂಪು ಇಲ್ಲದೆ ಊರು ಬಿಡಬೇಡಿ, ನಡುದಾರಿಯಲ್ಲಿ ಪಂಚರ್ ಅಂಗಡಿ ಭಾನುವಾರ ಇರುತ್ತೆ ಅನ್ನೋ ನಂಬಿಕೆ ಇಲ್ಲ. ಬೆಳಿಗ್ಗೆ 6ಕ್ಕೆ ಹೊರಟರೆ ಬಿಸಿಲೇರೋ ಮೊದಲು ವಾಪಸ್.

ಗೇಮ್ ಆಡೋರಿಗೆ ಲೆವೆಲ್ ಬೇಕಲ್ಲ, ಹಳೇಬೀಡಿನ ಗೋಡೆಯಲ್ಲೇ ಇದೆ. ಒಂದು ಸಣ್ಣ ಪುಸ್ತಕ, 2ಬಿ ಪೆನ್ಸಿಲ್ ತಗೊಂಡು ಹೋಗಿ. ಹೊಯ್ಸಳೇಶ್ವರ ಗುಡಿಯ ಬುಡದಿಂದ ಮೇಲಕ್ಕೆ ಪಟ್ಟಿಗಳಿವೆ: ಆನೆ, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಮತ್ತೆ ಬಳ್ಳಿ, ಪುರಾಣದ ಕಥೆ, ಮಕರ, ಹಂಸ. ಒಂದು ಭಾನುವಾರಕ್ಕೆ ಒಂದೇ ಪಟ್ಟಿ. ಆನೆಯಿಂದ ಶುರು ಮಾಡಿ, ಒಂದರ ಹಾಗೆ ಒಂದಿಲ್ಲ ಅನ್ನೋದು ಬರೆಯೋಕೆ ಕೂತಾಗಲೇ ಗೊತ್ತಾಗೋದು. ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಮೇಲೆ ಜನ ಜಾಸ್ತಿ. ನೆರಳು ಉದ್ದ ಇರೋ ಬೆಳಗಿನ ಹೊತ್ತಲ್ಲಿ ಕೆತ್ತನೆ ಎದ್ದು ಕಾಣುತ್ತೆ, ಮಧ್ಯಾಹ್ನ ಚಪ್ಪಟೆ.

ಮೂಡಿಗೆರೆ ಕಡೆಯವರು:
ಎಲ್ಲ ಸರಿ ಮಾರಾಯ್ರೆ, ಮಳೆ? ನೀವೆಲ್ಲ ಹೇಳಿದ್ದು ಅಕ್ಟೋಬರಿಂದ ಮೇವರೆಗೆ ನಡೆಯೋ ಮಾತು. ಘಟ್ಟದ ಅಂಚಲ್ಲಿ ಜೂನಿಂದ ಸೆಪ್ಟೆಂಬರ್ ಜಡಿಮಳೆ, ಕರೆಂಟು ಹೋಗಿ ಬಂದು, ಆರು ಗಂಟೆಗೇ ಕತ್ತಲು. ಬೇಸಿಗೆಯಲ್ಲಿ ಬಿಟ್ಟವರು ಜುಲೈಯಲ್ಲಿ ಮತ್ತೆ ಹಿಡಿಯೋದು ಇದಕ್ಕೇ. ಮಳೆಗಾಲದ ಯೋಜನೆ ಬೇರೆ ಇರಬೇಕು, ಅದೂ ಮೇ ತಿಂಗಳಲ್ಲೇ ತಯಾರಾಗಬೇಕು.

ಕೇರಂ ಒಳ್ಳೇದು. ನಾಲ್ಕು ಜನ ಬರ್ತಾರೆ, ಹರಟೆ ಹೊಡೀತಾರೆ, ಸೋಲು ಗೆಲುವೂ ಇದೆ. ಆಟದ ಮೈ 74 ಸೆಂಟಿಮೀಟರ್ ಇರೋ ಬೋರ್ಡೇ ತಗೊಳ್ಳಿ, ಮಕ್ಕಳ ಬೋರ್ಡಲ್ಲಿ ದೊಡ್ಡವರಿಗೆ ಎರಡು ದಿನಕ್ಕೆ ಬೇಜಾರು. ಸ್ಟ್ರೈಕರ್ 15 ಗ್ರಾಂ ಮೀರಬಾರದು. ನಮ್ಮ ಕಡೆ ತೊಂದರೆ ಕೊಡೋದು ತೇವ: ಹಲಗೆ ಉಬ್ಬುತ್ತೆ, ಪೌಡರ್ ಗಂಟು ಕಟ್ಟುತ್ತೆ, ಕಾಯಿ ಅರ್ಧಕ್ಕೇ ನಿಲ್ಲುತ್ತೆ. ಆಟದ ಮೊದಲು ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ, ಹಲಗೆ ಮೇಲೆ ಎರಡೂವರೆ ಅಡಿ ಎತ್ತರಕ್ಕೆ ಬಲ್ಬ್ ಇಳಿಬಿಡಿ, ಅರ್ಧ ಗಂಟೆ ಉರಿಯಲಿ. ಬೋರ್ಡನ್ನ ಗೋಡೆಗೆ ಒರಗಿಸಿ ಇಡಬೇಡಿ, ಬಾಗುತ್ತೆ, ಮಟ್ಟಸವಾಗಿ ಮಲಗಿಸಿ.

ಮಳೆ ನಿಂತ ಮೇಲೆ ಬೆಟ್ಟ. ಮುಳ್ಳಯ್ಯನಗಿರಿ 1,930 ಮೀಟರ್, ಸರ್ಪದಾರಿಯಿಂದ ಕಾಲ್ನಡಿಗೇಲಿ ಹತ್ತಿ, ಕಾರಲ್ಲಿ ಹೋದರೆ ಫೋಟೊ ಬಿಟ್ಟು ಇನ್ನೇನೂ ಸಿಗಲ್ಲ. ಒಬ್ಬೊಬ್ಬರಿಗೆ 2 ಲೀಟರ್ ನೀರು. ಜಿಗಣೆ ಹತ್ತಿದರೆ ಎಳೀಬೇಡಿ, ಉಪ್ಪು ಕಟ್ಟಿದ ಬಟ್ಟೆ ಒದ್ದೆ ಮಾಡಿ ಮುಟ್ಟಿಸಿ, ತಾನೇ ಬಿಡುತ್ತೆ. ಕೊಪ್ಪ, ಎನ್.ಆರ್. ಪುರ, ಶೃಂಗೇರಿ ಕಡೆ ಡಿಸೆಂಬರಿಂದ ಮೇವರೆಗೆ ಕಾಡಿಗೆ ಹೋಗೋರು ಮಂಗನ ಕಾಯಿಲೆ ನೆನಪಿಡಿ, ಅದು ಉಣುಗಿನಿಂದ ಬರೋದು. ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆ ಕೊಡೋ ಡೇಪಾ ಎಣ್ಣೆ ಕೈಕಾಲಿಗೆ ಹಚ್ಚಿ, ತರಗೆಲೆ ಮೇಲೆ ಕೂರಬೇಡಿ, ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡಿ.

ಕೇಳಿದವರು:
ತುಂಬಾ ಉಪಯೋಗ ಆಯ್ತು. ಆದರೆ ನನ್ನ ಗೆಳೆಯರು ಇರೋದೇ ಗೇಮಲ್ಲಿ. ಸ್ಕ್ವಾಡ್ ನಾಲ್ಕು ಜನ, ನಾನು ಬಿಟ್ಟರೆ ಅವರದ್ದೂ ನಿಲ್ಲುತ್ತೆ ಅಂತ ದಿನಾ ಫೋನ್ ಮಾಡ್ತಾರೆ. ಮನೇಲಿ ಅಮ್ಮ ಬೇರೆ "ಡಾಕ್ಟರ್ ಹತ್ರ ಹೋಗು" ಅಂತಾರೆ.

ಸಾಲಗಾಮೆ ರಸ್ತೆ:
ಅವರಿಗೆ ಒಂದೇ ಮೆಸೇಜು: "ನಾನು ಖಾತೆ ಅಳಿಸಿದೀನಿ, ನನ್ನ ಜಾಗಕ್ಕೆ ಬೇರೆಯವರನ್ನ ಹಾಕ್ಕೊಳ್ಳಿ. ಭಾನುವಾರ 5ಕ್ಕೆ ಟೀ ಅಂಗಡಿ ಹತ್ರ ಸಿಗೋಣ." ಕಾರಣ ವಿವರಿಸಬೇಡಿ, ವಿವರಿಸಿದರೆ ವಾದ ಶುರುವಾಗುತ್ತೆ. "ಸ್ವಲ್ಪ ದಿನ ಬರಲ್ಲ" ಅಂತಲೂ ಬರೀಬೇಡಿ, ಆ ಸ್ವಲ್ಪ ದಿನ ಎಣಿಸಿಕೊಂಡು ಬರ್ತಾರೆ. ಮೂವರಲ್ಲಿ ಒಬ್ಬ ಟೀಗೆ ಬಂದರೂ ಲಾಭವೇ.

ಚಿಕ್ಕಮಗಳೂರು, ಹೆಸರು ಬೇಡ:
ಅಮ್ಮ ಹೇಳೋದರಲ್ಲಿ ತಪ್ಪಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 11ನೇ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ, ಅದರಲ್ಲಿ ಗೇಮಿಂಗ್ ಸಮಸ್ಯೆಗೂ ಜಾಗ ಇದೆ. ಡಾಕ್ಟರು ನೋಡೋದು ದಿನಕ್ಕೆ ಎಷ್ಟು ಗಂಟೆ ಆಡ್ತೀರಿ ಅಂತ ಅಲ್ಲ: ಹಿಡಿತ ತಪ್ಪಿದೆಯಾ, ಬೇರೆಲ್ಲಕ್ಕಿಂತ ಅದೇ ಮುಖ್ಯವಾಗಿದೆಯಾ, ನಷ್ಟ ಆಗ್ತಿದ್ದರೂ ಮುಂದುವರಿದಿದೆಯಾ, ಇದು ಸುಮಾರು 12 ತಿಂಗಳಿಂದ ನಡೀತಿದೆಯಾ. ಕೆಲಸ ಸರಿಯಾಗಿ ನಡೀತಿದ್ದರೆ ಮೇಲಿನ ಉಪಾಯ ಮೊದಲು ಮಾಡಿ ನೋಡಿ. ಮೂರು ವಾರ ಕಳೆದರೂ ನಿದ್ದೆ ಬರದಿದ್ದರೆ ಅಥವಾ ಬದುಕೇ ಬೇಡ ಅನ್ನೋ ಯೋಚನೆ ಒಂದು ಸಲ ಬಂದರೂ ಕಾಯಬೇಡಿ. ಟೆಲಿ ಮಾನಸ್ 14416, ಪುಕ್ಕಟೆ, ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸಲ್ಲಿ ಇದಕ್ಕೇ ಅಂತ 2014ರಿಂದ ಶಟ್ ಕ್ಲಿನಿಕ್ ಇದೆ. ದುಡ್ಡು ಕಟ್ಟಿ ರಮ್ಮಿ, ಬೆಟ್ಟಿಂಗ್ ಆಡೋ ಅಭ್ಯಾಸವೂ ಇದ್ದರೆ ಅದನ್ನ ಮುಚ್ಚಿಡದೆ ಅವರಿಗೆ ಹೇಳಿ. ಅಂಥ ಆಟಗಳನ್ನ ಸಂಸತ್ತು 2025ರ ಆಗಸ್ಟಲ್ಲಿ ಕಾಯ್ದೆ ಮಾಡಿ ನಿಷೇಧಿಸಿದೆ, ಈಗಲೂ ಲಿಂಕ್ ಕಳಿಸೋರು ಕಾನೂನಿನ ಹೊರಗಿನವರು.

ಕುವೆಂಪುನಗರ, ಹಾಸನ:
ಮೂಡಿಗೆರೆಯವರ ಬಲ್ಬಿಗೆ ಒಂದು ತಿದ್ದುಪಡಿ. ಹಳೇ ತಂತಿಯ 60 ವಾಟ್ ಬಲ್ಬೇ ಹಾಕಬೇಕು. ಎಲ್‌ಇಡಿ ಹಾಕಿದರೆ ಬೆಳಕು ಬರುತ್ತೆ, ಕಾವು ಬರಲ್ಲ, ಪೌಡರ್ ಗಂಟು ಗಂಟಾಗೇ ಇರುತ್ತೆ.

ಮೂಡಿಗೆರೆ ಕಡೆಯವರು:
ಹೌದು, ಅದನ್ನ ಹೇಳೋದು ಮರೆತೆ. ಅಂಗಡಿಯಲ್ಲಿ ಕೇಳಿದರೆ ಒಳಗಿಂದ ಹುಡುಕಿ ಕೊಡ್ತಾರೆ, ಎರಡು ತಗೊಂಡಿಟ್ಟುಕೊಳ್ಳಿ, ನಮ್ಮ ಕಡೆ ವೋಲ್ಟೇಜಿಗೆ ಒಂದು ಉಳಿಯಲ್ಲ.