[ಪದಚರ್ಚೆ] ‘ಶೋಲಾ’ಗೆ ಕನ್ನಡ ಪದ: ಕುದುರೆಮುಖದ ಫಲಕಕ್ಕೆ, ತುರ್ತು

ಅನುವಾದಕಿ:

ಬಳಗದವರಿಗೆ ನಮಸ್ಕಾರ.

ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಬರುವವರಿಗಾಗಿ ಒಂದು ಮಾಹಿತಿ ಫಲಕದ ಕನ್ನಡ ಪಠ್ಯ ಮಾಡಿಕೊಡುತ್ತಿದ್ದೇನೆ. ನಾಳೆ ಸಂಜೆಯೊಳಗೆ ಮುದ್ರಣಕ್ಕೆ ಹೋಗಬೇಕು. ಮೂಲದಲ್ಲಿ ‘ಶೋಲಾ’ ಎಂಬ ಪದ ಮತ್ತೆ ಮತ್ತೆ ಬರುತ್ತದೆ. ಹುಲ್ಲುಬೆಟ್ಟಗಳ ಸಂದಿನಲ್ಲಿ, ನೀರಿನ ಪಸೆ ಇರುವ ಕಡೆ ಒತ್ತಾಗಿ ಬೆಳೆದ, ಗಾಳಿಯ ಹೊಡೆತಕ್ಕೆ ಗಿಡ್ಡವಾಗಿಯೇ ಉಳಿದ ಮರಗಳ ಕಾಡು ಅದು. ಅರ್ಥದಲ್ಲಿ ನನಗೆ ಗೊಂದಲವಿಲ್ಲ, ಪದ ಬೇಕಾಗಿದೆ. ಪತ್ರಿಕೆಗಳು ‘ಶೋಲಾ ಅರಣ್ಯ’ ಎಂದೇ ಬರೆಯುತ್ತವೆ. ಕಳಸದವರೋ ಕಾರ್ಕಳದವರೋ ಓದಿದರೆ ‘ಓ, ನಮ್ಮ ಈ ಕಾಡು’ ಎನ್ನುವಂಥ ಪದ ಇದ್ದರೆ ದಯವಿಟ್ಟು ತಿಳಿಸಿ.

ಪ್ರಾಣಿಗಳ ಪಟ್ಟಿಯನ್ನು ಹೀಗೆ ಹಾಕಿದ್ದೇನೆ: ಹುಲಿ, ಚಿರತೆ, ಸಿಂಹಬಾಲದ ಕೋತಿ, ಕಾಡೆಮ್ಮೆ, ಕಡವೆ, ಕಾಡುಕುರಿ, ಬರ್ಕ (ಜಿಂಕೆಯಂಥ ಪುಟ್ಟ ಪ್ರಾಣಿ), ಸೀಳುನಾಯಿ, ಕರಡಿ, ಕೆಂದಳಿಲು, ಮಂಗಟ್ಟೆ (ದೊಡ್ಡ ಕೊಕ್ಕಿನ ಹಕ್ಕಿ), ಕಾಳಿಂಗ ಸರ್ಪ. ತಪ್ಪಿದ್ದರೆ ತಿದ್ದಿ. ‘ಮಳೆಕಾಡು’ ಪದವನ್ನೂ ಬಳಸಿದ್ದೇನೆ.

ನಿವೃತ್ತ ಮೇಷ್ಟ್ರು:

ತಂಗೀ, ‘ಶೋಲಾ’ದ ಶಕಾರವೂ ಕೊನೆಯ ದೀರ್ಘವೂ ನಮ್ಮವಲ್ಲ. ತಮಿಳಿನ ‘ಚೋಲೈ’ಯನ್ನು ನೀಲಗಿರಿಯ ಇಂಗ್ಲಿಷರು ಕಿವಿಗೆ ಬಿದ್ದಂತೆ ಬರೆದುಕೊಂಡರು. ನಾವು ಅದನ್ನು ಇಂಗ್ಲಿಷಿನಿಂದ ತಿರುಗಿ ತಂದುಕೊಂಡೆವು. ಪಕ್ಕದ ಮನೆಯ ಪದವನ್ನು ಇಂಗ್ಲೆಂಡಿನ ದಾರಿಯಲ್ಲಿ ತರಿಸಿಕೊಳ್ಳುವ ಅಗತ್ಯ ಏನಿತ್ತು?

ತಮಿಳಿನ ಪದಾದಿಯ ಚಕಾರ ನಮ್ಮಲ್ಲಿ ಸಕಾರ: ಚಾವು ಸಾವು, ಚೊಲ್ ಸೊಲ್ಲು, ಚೋರ್ ಸೋರು. ಕೊನೆಯ ಐ ನಮ್ಮಲ್ಲಿ ಎ: ಮಲೈ ಮಲೆ, ತಲೈ ತಲೆ, ಇಲೈ ಎಲೆ. ಆದ್ದರಿಂದ ಚೋಲೈ ಕನ್ನಡದಲ್ಲಿ ‘ಸೋಲೆ’ ಆಗಬೇಕು. ‘ಸೋಲೆಕಾಡು’ ಎಂದು ಹಾಕಿ. ನಾನು ಇದನ್ನು ಬಹಳ ಕಾಲದಿಂದ ಹೇಳುತ್ತಾ ಬಂದಿದ್ದೇನೆ.

ಕಾರ್ಕಳದಿಂದ:

> ಕನ್ನಡದಲ್ಲಿ ‘ಸೋಲೆ’ ಆಗಬೇಕು

ಆಗಬೇಕು ಸರಿ, ಆಗಿದೆಯೇ? ಧ್ವನಿನಿಯಮದಿಂದ ರೂಪ ಹುಟ್ಟಿಸಬಹುದು, ಬಳಕೆ ಹುಟ್ಟಿಸಲಾಗದು. ಫಲಕದ ಮುಂದೆ ನಿಂತವರು ಸೋಲು ಗೆಲುವಿನ ಸೋಲೆಂದೇ ಓದುತ್ತಾರೆ. ಬೇಡ.

ಶೃಂಗೇರಿ ಕಡೆಯವ:

ಪದ ಹುಡುಕುವ ಕಷ್ಟವೇ ಬೇಡ. ‘ಕಾನು’ ಅನ್ನಿ.

ನಮ್ಮ ಮಲೆನಾಡಿನಲ್ಲಿ ವರ್ಷವಿಡೀ ಹಸಿರಾಗಿರುವ, ಒಳಗೆ ಹೊಕ್ಕರೆ ಬಿಸಿಲು ಕಾಣದ ಕಾಡಿಗೆ ಕಾನು ಎಂದೇ ಹೆಸರು. ಮಾತಿನಲ್ಲಷ್ಟೇ ಅಲ್ಲ, ಕಂದಾಯದ ಕಡತಗಳಲ್ಲೂ ಇದೆ. ಬ್ರ್ಯಾಂಡಿಸ್ ಮತ್ತು ಗ್ರಾಂಟ್ ಎಂಬ ಬ್ರಿಟಿಷ್ ಆಡಳಿತದ ಅಧಿಕಾರಿಗಳು 1868ರಲ್ಲಿ ಸೊರಬ ತಾಲ್ಲೂಕಿನ ಕಾನುಗಳ ಬಗ್ಗೆ ವರದಿ ಬರೆದಾಗ ಅವರಿಗೂ ಬೇರೆ ಪದ ಸಿಗಲಿಲ್ಲ, ‘ಕಾನ್’ ಎಂದೇ ಇಟ್ಟುಕೊಂಡರು. ಆ ಅಧಿಕಾರಿಗಳೇ ನಮ್ಮ ಪದ ಇಟ್ಟುಕೊಂಡಿರುವಾಗ ನಾವು ಶೋಲಾ ಎನ್ನುವುದು ನನಗೆ ಸಹಿಸುವುದಿಲ್ಲ. ಕಾನಸೂರು, ಕಾನೂರು ಇವೆಲ್ಲ ಎಲ್ಲಿಂದ ಬಂದವು? ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕೂಡ ಕಾನುಕಾಡು, ಮಲೆಕಾಡು, ನಾಡುಕಾಡು ಎಂದು ಕಾಡಿನ ಬಗೆಗಳನ್ನು ಬೇರೆ ಮಾಡಿ ಹೇಳುತ್ತಾರೆ.

ಅಚ್ಚಗನ್ನಡಿಗ:

ಕಾನು ಸರಿಯಾದ ಪದ. ಅಚ್ಚಗನ್ನಡ. ತಮಿಳಿನಲ್ಲೂ ಕಾನ್ ಇದೆ, ಅದು ನುಡಿಬಳಗದ ಆಸ್ತಿ. ಇನ್ನು ಯಾರಾದರೂ ಬಂದು ಇದು ಸಂಸ್ಕೃತದ ‘ಕಾನನ’ದ ತದ್ಭವ ಎನ್ನುವ ಮೊದಲೇ ಹೇಳಿಬಿಡುತ್ತೇನೆ: ಕಾನನವೇ ದ್ರಾವಿಡದಿಂದ ಹೋದದ್ದು ಎಂದು ನಂಬುವ ಭಾಷಾವಿದ್ವಾಂಸರಿದ್ದಾರೆ. ಕಿಟ್ಟೆಲರು ತಮ್ಮ 1894ರ ನಿಘಂಟಿನ ಮುನ್ನುಡಿಯಲ್ಲಿ ಸಂಸ್ಕೃತಕ್ಕೆ ಹೋದ ದ್ರಾವಿಡ ಪದಗಳ ಪಟ್ಟಿಯನ್ನೇ ಕೊಟ್ಟಿದ್ದಾರೆ. ಕೊಟ್ಟವರು ನಾವು, ಸಾಲಗಾರರ ಹಾಗೆ ತಲೆ ತಗ್ಗಿಸುವುದೇಕೆ?

ಉಳಿದ ತಪ್ಪುಗಳು. ‘ಸಿಂಹಬಾಲದ ಕೋತಿ’: ಸಂಸ್ಕೃತಕ್ಕೆ ಕನ್ನಡ ಬೆರೆಸಿದ ಅರಿಸಮಾಸ, ಮೇಲಾಗಿ ಇಂಗ್ಲಿಷಿನ ನೆರಳು. ಸಿಂಗಳೀಕ ಎಂಬ ಒಳ್ಳೆಯ ಪದ ಇದೆ. ‘ಮಳೆಕಾಡು’: ಮಳೆಗಾಲ, ಸುಡುಗಾಡು, ಗುಡ್ಡಗಾಡು ಎನ್ನುವ ಬಾಯಿಗೆ ಮಳೆಗಾಡು ಎನ್ನಲು ಏನು ತೊಂದರೆ? ಕಕಾರ ಗಕಾರವಾಗುವ ಆದೇಶಸಂಧಿ ಬಿಟ್ಟರೆ ಅದು ಸಮಾಸವೇ ಅಲ್ಲ, ಅಕ್ಕಪಕ್ಕ ಇಟ್ಟ ಎರಡು ಪದ.

ಕಾರ್ಕಳದಿಂದ:

ಸಿಂಹಬಾಲ ಅರಿಸಮಾಸವಾದರೆ ‘ರಾಜಬೀದಿ’ಯನ್ನು ಮೊದಲು ಮುಚ್ಚಿಸಿ. ‘ಬಾಲ’ವೇ ‘ವಾಲ’ದ ತದ್ಭವ. ಮಲಯಾಳಿಗಳು ಅದೇ ಪ್ರಾಣಿಯನ್ನು ‘ಸಿಂಹವಾಲನ್ ಕುರಙ್ಙ್’ ಎನ್ನುತ್ತಾರೆ, ಅವರ ಭಾಷೆ ಕೆಟ್ಟಿಲ್ಲ. ಸಿಂಗಳೀಕ ಬಳಸಿ, ಆದರೆ ಜನ ಬಳಸುತ್ತಾರೆ ಎಂಬ ಕಾರಣಕ್ಕೆ ಬಳಸಿ. ಅಘನಾಶಿನಿ ಕಣಿವೆಯಲ್ಲಿ 2011ರಲ್ಲಿ ಈ ಪ್ರಾಣಿಗಾಗಿಯೇ ಸಂರಕ್ಷಿತ ಪ್ರದೇಶ ಘೋಷಿಸಿದ ಮೇಲಂತೂ ಸಿಂಗಳೀಕ ಸುದ್ದಿಗಳಲ್ಲೆಲ್ಲ ಬಂದಿದೆ.

ಮಳೆಗಾಡು ವ್ಯಾಕರಣಕ್ಕೆ ಒಪ್ಪುತ್ತದೆ. ಆದರೆ ಶಾಲೆಯ ಪುಸ್ತಕದಲ್ಲಿ ಮಕ್ಕಳು ಮಳೆಕಾಡು ಎಂದು ಓದಿಯಾಗಿದೆ.

ಕಾಡಿನ ಕೆಲಸದವನು:

ಇಷ್ಟೂ ಹೊತ್ತು ಓದುತ್ತಿದ್ದೆ. ಕಾನು ಎಂದು ಎಲ್ಲರೂ ಒಪ್ಪಿಬಿಡುವ ಮೊದಲು ಒಂದು ಮಾತು ಹೇಳಲೇಬೇಕು. ಕಾನು ಮತ್ತು ಶೋಲಾ ಒಂದೇ ಅಲ್ಲ.

ಸೊರಬ, ಸಾಗರ, ಸಿದ್ದಾಪುರದ ಕಾನು ಊರಿನ ಮಗ್ಗುಲಿನ ಕಾಡು. ಜನ ಅದರೊಳಗಿಂದ ಕಾಳುಮೆಣಸು, ಜೇನು ತಂದರು, ದೇವರನ್ನು ಇಟ್ಟು ಕಾಯ್ದರು. ಮರಗಳು ಎತ್ತರ, ಹರವು ದೊಡ್ಡದು. ಕುದುರೆಮುಖದ ಮೇಲ್ಭಾಗದಲ್ಲಿ ಇರುವುದು ಬೇರೆ. ಶಿಖರ ಸುಮಾರು 1,890 ಮೀಟರ್ ಎತ್ತರದಲ್ಲಿದೆ. ಆ ಎತ್ತರದ ಬೆನ್ನುಗಳ ಮೇಲೆ ಗಾಳಿ, ತೆಳು ಮಣ್ಣು, ಬೇಸಿಗೆಯ ಬೆಂಕಿ, ಹೀಗಾಗಿ ಹುಲ್ಲು ಮಾತ್ರ. ನೀರು ಇಳಿಯುವ ಸಂದುಗಳಲ್ಲಿ ಕಾಡು. ಹುಲ್ಲಿಗೂ ಕಾಡಿಗೂ ನಡುವೆ ಗೆರೆ ಎಳೆದ ಹಾಗೆ ಅಂಚು. ಕೆಳಗೆ ಪಶ್ಚಿಮದ ಇಳಿಜಾರಿನಲ್ಲಿ ನಿಜವಾದ ಎತ್ತರದ ಮಳೆಕಾಡು. ಸಿಂಗಳೀಕ ಇರುವುದು ಹೆಚ್ಚಾಗಿ ಅಲ್ಲಿ. ಅದು ಮರದಿಂದ ಮರಕ್ಕೇ ಸಾಗುವ ಪ್ರಾಣಿ, ಮೇಲ್ಛಾವಣಿ ಕಡಿದುಹೋದರೆ ಅದರ ಲೋಕವೂ ಅಲ್ಲಿಗೇ ಕಡಿದುಹೋಗುತ್ತದೆ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1980ರ ದಶಕದ ಮೊದಲ ಭಾಗದಲ್ಲಿ ಮಾಡಿದ ಸಿಂಗಳೀಕದ ಸಮೀಕ್ಷೆ ಈ ಕಾಡಿನ ಬೆಲೆ ತೋರಿಸಿಕೊಟ್ಟಿತು. 1987ರಲ್ಲಿ ಸುಮಾರು 600 ಚದರ ಕಿಲೋಮೀಟರಿನ ಉದ್ಯಾನ ಆದದ್ದರ ಹಿಂದೆ ಆ ಕೆಲಸ ಇದೆ.

ಪದದ ವಿಷಯದಲ್ಲಿ ನನಗೆ ಹೆಚ್ಚು ಚಿಂತೆ ಇರುವುದು ಶೋಲಾದ ಬಗ್ಗೆ ಅಲ್ಲ, ಹುಲ್ಲಿನ ಬಗ್ಗೆ. ಮೂಲದಲ್ಲಿ ಹುಲ್ಲಿನ ಬೆಟ್ಟಕ್ಕೆ ‘ಹುಲ್ಲುಗಾವಲು’ ಹಾಕಿದ್ದೀರಾ, ಮೇಡಂ? ಎಲ್ಲರೂ ಹಾಕುತ್ತಾರೆ. ಅದು ಹುಲ್ಲು ಮತ್ತು ಕಾವಲು. ಮೈಸೂರು ಸಂಸ್ಥಾನದ ಅಮೃತಮಹಲ್ ಕಾವಲುಗಳ ಹಾಗೆ, ದನ ಮೇಯಲು ಕಾದಿಟ್ಟ ನೆಲ. ಕುದುರೆಮುಖದ ಹುಲ್ಲನ್ನು ಯಾರೂ ದನಕ್ಕೆಂದು ಬೆಳೆಸಲಿಲ್ಲ. ಅದು ಕಾಟಿ (ನೀವು ಕಾಡೆಮ್ಮೆ ಎಂದದ್ದು) ಮತ್ತು ಕಡವೆ ಸಂಜೆ ಮೇಲೆ ಬಂದು ಮೇಯುವ ನೆಲ. ಹಗಲು ಅವಕ್ಕೆ ಮರೆ ಕೊಡುವುದು ಶೋಲಾ. ಎರಡರಲ್ಲಿ ಒಂದನ್ನು ತೆಗೆದರೆ ಇನ್ನೊಂದು ಅವಕ್ಕೆ ಸಾಲುವುದಿಲ್ಲ. ತುಂಗೆ, ಭದ್ರೆ, ನೇತ್ರಾವತಿಯ ಮೊದಲ ಹನಿಗಳನ್ನು ಹಿಡಿದು ಬಿಡುವುದೂ ಈ ಹುಲ್ಲಿನ ಬೇರುಗಳೇ.

‘ಬೋಳುಗುಡ್ಡ’ ಎಂದಿರೋ, ಕೆಟ್ಟಿತು. ನೀಲಗಿರಿಯಲ್ಲಿ ಹುಲ್ಲುಬೆಟ್ಟಗಳನ್ನು ಬರಡು ಎಂದುಕೊಂಡು ನೀಲಗಿರಿ ಮರ, ವಾಟಲ್ ಎಂಬ ಹೊರನಾಡಿನ ಮರ ತುಂಬಿಸಿದರು. ಈಗ ಅವನ್ನು ಕೀಳಲು ಒದ್ದಾಡುತ್ತಿದ್ದಾರೆ. ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿ ನಿಂತದ್ದು ಸುಪ್ರೀಂ ಕೋರ್ಟಿನ 2002ರ ತೀರ್ಪಿನ ಮೇಲೆ, 2005ರ ಕೊನೆಗೆ. ಅಲ್ಲಿಯವರೆಗೆ ‘ಮರವೇ ಇಲ್ಲದ ಗುಡ್ಡ ಅಗೆದರೆ ಏನು ಹೋಯಿತು’ ಎಂಬ ಮಾತನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಆದ್ದರಿಂದ ‘ಹುಲ್ಲುಬೆಟ್ಟ’ ಎನ್ನಿ.

ಕಾಡೆಮ್ಮೆಯನ್ನು ಇವತ್ತೇ ತೆಗೆಯಿರಿ. ಕಾಡುಕೋಣವನ್ನೂ. ಅದು ಎಮ್ಮೆಯ ಜಾತಿಯಲ್ಲ, ದನದ ಜಾತಿ. ನಿಜವಾದ ಕಾಡೆಮ್ಮೆ ಇರುವುದು ಅಸ್ಸಾಮಿನ ಕಡೆ. ಮಲೆನಾಡಿನವರ ಬಾಯಲ್ಲಿ ‘ಕಾಟಿ’ ಇದೆ, ಚಿಕ್ಕದು, ಚೊಕ್ಕವಾದದ್ದು.

ಅಚ್ಚಗನ್ನಡಿಗ:

ಕಾನು ಬೇಡವಾದರೆ ಏನು ಬೇಕು ಎಂದು ಹೇಳಲಿಲ್ಲ. ಬರೀ ಬೇಡ ಎನ್ನುವುದು ಸುಲಭ.

ಕಾಡಿನ ಕೆಲಸದವನು:

ಶೋಲಾ ಎಂದೇ ಇರಲಿ. ಕೇರಳ, ತಮಿಳುನಾಡು, ಕರ್ನಾಟಕ ಮೂರೂ ಕಡೆ ಕಾಡಿನ ಕೆಲಸ ಮಾಡುವವರಿಗೆ ಅದು ಗೊತ್ತು. ಅದು ನೆರೆಮನೆಯ ಪದವೇ.

ನಿವೃತ್ತ ಮೇಷ್ಟ್ರು:

ನೆರೆಮನೆಯ ಪದವಾದರೆ ನೆರೆಮನೆಯ ರೂಪದಲ್ಲೋ ನಮ್ಮ ರೂಪದಲ್ಲೋ ಇರಲಿ. ಇಂಗ್ಲಿಷಿನ ರೂಪದಲ್ಲಿ ಏಕೆ? ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ.

ಶೃಂಗೇರಿ ಕಡೆಯವ:

ಕಾಡಿನ ಕೆಲಸದವರು ಹೇಳಿದ ವ್ಯತ್ಯಾಸ ಒಪ್ಪುತ್ತೇನೆ, ತೀರ್ಮಾನ ಒಪ್ಪುವುದಿಲ್ಲ. ಮರದ ಎತ್ತರ ನೋಡಿ ಪದ ಬದಲಾಯಿಸುವುದು ಶಾಸ್ತ್ರದವರ ಅಭ್ಯಾಸ. ಕೆರೆಕಟ್ಟೆ ಊರಿನಿಂದ ಮೇಲೆ ಹತ್ತುವವನು ಇಲ್ಲಿಗೆ ಕಾನು ಮುಗಿಯಿತು, ಇನ್ನು ಶೋಲಾ ಎಂದು ನಿಲ್ಲುವುದಿಲ್ಲ. ವ್ಯತ್ಯಾಸ ಬೇಕಾದರೆ ನಮ್ಮ ಪದಕ್ಕೆ ಒಂದು ವಿಶೇಷಣ ಸೇರಿಸಿ. ‘ಹುಲ್ಲುಬೆಟ್ಟದ ಕಾನು’. ಹುಲ್ಲೂ ಬಂತು, ಕಾಡೂ ಬಂತು.

ಕಾರ್ಕಳದಿಂದ:

ಇದು ಒಪ್ಪುವಂಥದ್ದು.

ಎರವಲಿನ ಬಗ್ಗೆ ಒಂದು ಮಾತು, ಮತ್ತೆ ಬರೆಯುವುದಿಲ್ಲ. ಘಟ್ಟದ ಕೆಳಗೆ ತುಳು, ಕೊಂಕಣಿ, ಬ್ಯಾರಿ, ಕನ್ನಡ ಒಂದೇ ಅಂಗಡಿಯಲ್ಲಿ ನಡೆಯುತ್ತವೆ. ಬರ್ಕವನ್ನು ತುಳುವಿನಲ್ಲಿ ಬರಿಂಕ ಎನ್ನುತ್ತೇವೆ. ಯಾರು ಯಾರಿಂದ ತೆಗೆದುಕೊಂಡರು ಎಂದು ನಾವು ಜಗಳ ಮಾಡಿದ್ದಿಲ್ಲ. ‘ಕೊಟ್ಟವರು ನಾವು’ ಎಂದು ಎದೆ ಉಬ್ಬಿಸುವವರೇ ತೆಗೆದುಕೊಳ್ಳುವುದು ಅವಮಾನ ಎನ್ನುವುದು ನನಗೆ ಅರ್ಥವಾಗುವುದಿಲ್ಲ.

ಅಚ್ಚಗನ್ನಡಿಗ:

ಅವಮಾನ ಎಂದು ನಾನು ಎಲ್ಲೂ ಬರೆದಿಲ್ಲ. ಇರುವ ಪದವನ್ನು ಬಿಟ್ಟು ತರುವುದು ಬೇಡ ಎಂದೆ. ಬಸ್ಸಿಗೆ ಬಸ್ಸೇ ಸರಿ, ನಮ್ಮಲ್ಲಿ ಅದು ಇರಲಿಲ್ಲ. ಕಾಡು ಇತ್ತು, ಕಾಡಿನ, ಹುಲ್ಲುನೆಲದ ಬಗೆ ಬಗೆಗೆ ಹೆಸರೂ ಇದ್ದವು: ಕಾನು, ಹಾಡಿ, ಉತ್ತರ ಕನ್ನಡದ ಬೇಣ, ಕೊಡಗಿನ ಬಾಣೆ. ಇವನ್ನು ಫಲಕದಲ್ಲಿ ಒಮ್ಮೆಯೂ ಬರೆಯದೆ ಬಿಟ್ಟರೆ ಮುಂದಿನವರಿಗೆ ‘ಅರಣ್ಯ ಪ್ರದೇಶ’ ಒಂದೇ ಉಳಿಯುತ್ತದೆ.

ಅನುವಾದಕಿ:

ಎಲ್ಲರಿಗೂ ವಂದನೆಗಳು. ಬೇಗ ಬೇಗ ಉತ್ತರಿಸಿದ್ದಕ್ಕೆ ಋಣಿ. ಪಠ್ಯದ ಈ ಭಾಗ ಹೀಗೆ ಹೋಗುತ್ತದೆ:

‘ಇಲ್ಲಿನ ಎತ್ತರದ ಬೆನ್ನುಗಳಲ್ಲಿ ಹುಲ್ಲುಬೆಟ್ಟ, ಅವುಗಳ ಸಂದುಗಳಲ್ಲಿ ಕಾನು. ಹುಲ್ಲುಬೆಟ್ಟದ ಈ ಕಾನುಗಳಿಗೆ ಶೋಲಾ ಎಂದೂ ಹೆಸರು. ಕಾಟಿ, ಕಡವೆಗಳು ಹುಲ್ಲಿನಲ್ಲಿ ಮೇಯ್ದು ಕಾನಿನೊಳಗೆ ಮರೆಯಾಗುತ್ತವೆ. ಕೆಳಗಿನ ಇಳಿಜಾರಿನ ಮಳೆಕಾಡಿನಲ್ಲಿ ಸಿಂಗಳೀಕ, ಕೆಂದಳಿಲು, ಮಂಗಟ್ಟೆಗಳು ಮರದ ಮೇಲೆಯೇ ಬಾಳುತ್ತವೆ. ಹುಲ್ಲಿಗೆ ಬೆಂಕಿ ಹಾಕಬೇಡಿ.’

ಮೇಷ್ಟ್ರೇ, ‘ಸೋಲೆ’ ಹಾಕಲಾಗಲಿಲ್ಲ, ಕ್ಷಮೆಯಿರಲಿ. ಮೊದಲ ಸಲ ಫಲಕ ಓದುವವರಿಗೆ ಅದನ್ನು ವಿವರಿಸಲು ಜಾಗ ಇಲ್ಲ. ಹುಲ್ಲುಗಾವಲನ್ನು ಮೂರು ಕಡೆಯಿಂದ ತೆಗೆದಿದ್ದೇನೆ.

ಅಚ್ಚಗನ್ನಡಿಗ:

ಮಳೆಗಾಡು.

ಕಾಡಿನ ಕೆಲಸದವನು:

ಚೆನ್ನಾಗಿದೆ. ಬೆಂಕಿಯ ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕಿಸಿ.

ನಿವೃತ್ತ ಮೇಷ್ಟ್ರು:

ಸೋಲೆಯ ವಿಷಯ ಬಿಡುತ್ತೇನೆ. ಆದರೆ ಫಲಕದ ತಲೆಯಲ್ಲಿಯೇ ‘ಉದ್ಯಾನ’ ಎಂದಿದೆಯಲ್ಲ. ಉದ್ಯಾನ ಎಂದರೆ ನೆಟ್ಟು, ನೀರು ಹಾಕಿ, ಕತ್ತರಿಸಿ ಬೆಳೆಸಿದ ತೋಟ. ಹುಲಿಯೂ ಕಾಳಿಂಗವೂ ಇರುವ ಬೆಟ್ಟಕ್ಕೆ ಆ ಪದ ಹೇಗೆ ಹೊಂದುತ್ತದೆ? ‘ಅಭಯಾರಣ್ಯ’ ಎಷ್ಟು ಅರ್ಥವತ್ತಾಗಿದೆ ನೋಡಿ.

ಕಾರ್ಕಳದಿಂದ:

ಅಭಯಾರಣ್ಯ ಬೇರೆ, ರಾಷ್ಟ್ರೀಯ ಉದ್ಯಾನ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಎರಡಕ್ಕೂ ಬೇರೆ ಬೇರೆ ನಿಯಮ ಇವೆ. ಒಂದರ ಹೆಸರು ಇನ್ನೊಂದಕ್ಕೆ ಇಡಲಾಗದು. ಇದಕ್ಕೆ ಹೊಸ ಎಳೆ ತೆರೆಯಿರಿ, ಮೇಷ್ಟ್ರೇ. ಅವರ ಮುದ್ರಣ ನಾಳೆ ಇದೆ.