ಸೆಲ್ಲರ್‌ನಲ್ಲಿ ರೀಡಿಂಗ್ ರೂಮ್ ಇದೆ, ಡಿಹ್ಯುಮಿಡಿಫೈಯರ್ (ಗಾಳಿಯ ತೇವ ತೆಗೆಯುವ ಮೆಷಿನ್) ಯಾವುದು ತಗೊಳ್ಳಲಿ?

ಓದುಮನೆ_ಕಲಬುರಗಿ

ಎಲ್ಲರಿಗೂ ನಮಸ್ಕಾರ. ಸೇಡಂ ರಸ್ತೆ ಕಡೆ ನಮ್ಮದೊಂದು ರೀಡಿಂಗ್ ರೂಮ್ ಇದೆ. ಬಾಡಿಗೆ ಕಟ್ಟಡ, ನಾವಿರುವುದು ಸೆಲ್ಲರ್‌ನಲ್ಲಿ, ಅಂದರೆ ನೆಲಮಟ್ಟದ ಕೆಳಗಿನ ಅಂತಸ್ತಿನಲ್ಲಿ. 36 ಸೀಟು. ಪ್ರತಿ ಸೀಟಿಗೂ ಪ್ಲೈವುಡ್ ಅಡ್ಡ, ಒಂದು ಲೈಟು, ಒಂದು ಪ್ಲಗ್ ಪಾಯಿಂಟ್. ನಮ್ಮ ಭಾಗದವರಿಗೆ ಸರ್ಕಾರಿ ನೌಕರಿಯಲ್ಲಿ ಮೀಸಲಾತಿ ಕೊಡುವ 371ಜೆ ಕಲಂ ಬಂದ ಮೇಲೆ ನಮ್ಮ ಕಡೆ ಇಂಥ ರೂಮುಗಳಿಗೆ ಎಷ್ಟು ಬೇಡಿಕೆ ಇದೆ ಅಂತ ಹೇಳಬೇಕಿಲ್ಲ. ಪಿಎಸ್ಐ, ಎಫ್‌ಡಿಎ, ಪಿಡಿಒ, ಕೆಎಎಸ್ ಅಂತ ಓದುವ ಹುಡುಗರು ಬೆಳಗ್ಗೆ ಶಟರ್ ಎತ್ತುವ ಮೊದಲೇ ಬಂದು ನಿಂತಿರುತ್ತಾರೆ, ರಾತ್ರಿ ನಾವೇ ಎಬ್ಬಿಸಿ ಕಳಿಸಬೇಕು.

ಬೇಸಿಗೆಯಲ್ಲಿ ನಮ್ಮ ಸೆಲ್ಲರ್‌ಗೆ ಸಾಟಿ ಇಲ್ಲ. ಮೇಲೆ 43 ಡಿಗ್ರಿ ಸುಡುವಾಗ ಕೆಳಗೆ ಶಹಾಬಾದ್ ಕಲ್ಲಿನ ನೆಲ ತಣ್ಣಗೆ ಇರುತ್ತದೆ, ಹುಡುಗರು ಚಪ್ಪಲಿ ಬಿಟ್ಟು ಕೂರುತ್ತಾರೆ. ಕಷ್ಟ ಇರುವುದು ಮಳೆಗಾಲದಲ್ಲಿ. ಜೂನ್‌ನಲ್ಲಿ ಅಷ್ಟಾಗಿ ಗೊತ್ತಾಗಲ್ಲ. ಶ್ರಾವಣ ಹಿಡಿಯಿತು ಅಂದರೆ ಶಟರ್ ಎತ್ತಿದ ಕೂಡಲೇ ಮುಗ್ಗಲು ವಾಸನೆ. ಝೆರಾಕ್ಸ್ ನೋಟ್ಸ್ ಮೆತ್ತಗಾಗಿ ಪುಟ ತಿರುವಿದರೆ ಸದ್ದೇ ಬರಲ್ಲ. ಕೆಳಗಿನ ಶೆಲ್ಫಿನ ಗೈಡುಗಳ ರಟ್ಟು ಮೇಲಕ್ಕೆ ಸುರುಳಿ ಸುತ್ತಿಕೊಂಡಿದೆ, ಬೆನ್ನಿನ ಮೇಲೆ ಬೂದು ಹಸಿರು ಬೂಷ್ಟು. ಹಿಂದಿನ ಗೋಡೆಯ ಪೇಂಟ್ ಮೊಣಕಾಲೆತ್ತರದವರೆಗೆ ಉಬ್ಬಿದೆ. ಬೆರಳಿಟ್ಟರೆ ಬಿಳಿ ಪುಡಿ ಉದುರುತ್ತದೆ. ಹೋದ ವಾರ ಒಬ್ಬ ಹುಡುಗ ಸೀಟು ಬಿಟ್ಟ. ಕಾರಣ ಕೇಳಿದರೆ, "ಸರ್, ಮನೆಗೆ ಹೋದರೆ ಅಮ್ಮ ಅಂಗಿ ಮೂಸಿ ನೋಡಿ ಎಲ್ಲಿ ಮಲಗಿದ್ದೆ ಅಂತ ಕೇಳ್ತಾಳೆ" ಅಂದ!

ತೇವ ಅಳೆಯುವ ಚಿಕ್ಕ ಮೀಟರ್ ತಂದಿಟ್ಟಿದ್ದೇನೆ. ಬೆಳಗ್ಗೆ 84 ಪರ್ಸೆಂಟ್ ತೋರಿಸುತ್ತದೆ. ಸಂಜೆ ಎಸಿ ಹಾಕಿದರೂ 75ರ ಕೆಳಗೆ ಇಳಿಯಲ್ಲ. ರೂಮು 40 ಅಡಿ ಉದ್ದ, 22 ಅಡಿ ಅಗಲ, 9 ಅಡಿ ಎತ್ತರ. ಒಂದೂವರೆ ಟನ್ನಿನ ಎರಡು ಎಸಿ ಇವೆ. ಮೆಟ್ಟಿಲ ಹತ್ತಿರ ಒಂದು ಎಕ್ಸಾಸ್ಟ್ ಫ್ಯಾನ್. ಕಿಟಕಿ ಅಂದರೆ ಮೇಲ್ಗಡೆ ಒಂದಡಿಯ ಎರಡು ಸಂದು.

ಆನ್‌ಲೈನ್‌ನಲ್ಲಿ ನಾಲ್ಕು ಸಾವಿರದ ಚಿಕ್ಕ ಮೆಷಿನ್‌ನಿಂದ ಹಿಡಿದು ಮೂವತ್ತು ಸಾವಿರದ ಮೇಲಿನವೂ ಇವೆ. ಎಷ್ಟು ಲೀಟರಿನದು ಬೇಕು? ಎಸಿಯಲ್ಲೇ ಡ್ರೈ ಮೋಡ್ ಇದೆ, ಅದು ಸಾಲಲ್ವಾ? ನೀರು ಎಲ್ಲಿಗೆ ಬಿಡುವುದು? ನಮ್ಮ ನೆಲವೇ ರಸ್ತೆಯ ಚರಂಡಿಗಿಂತ ಕೆಳಗಿದೆ. ಬಳಸಿದವರು ಹೇಳಿ. ಕಟ್ಟಡದ ಮಾಲೀಕರನ್ನು ಕೇಳಿದರೆ "ಎಲ್ಲ ಸೆಲ್ಲರ್ ಹಿಂಗೇ ರೀ" ಅಂತಾರೆ, ಅಷ್ಟೇ.

ಎರೆಮಣ್ಣು

ಸರ್, ನಾನು ಕಲಬುರಗಿಯಲ್ಲೇ ಕಟ್ಟಡದ ಕೆಲಸ ಮಾಡಿಸುವವನು. ಮೆಷಿನ್ ಆಮೇಲೆ ನೋಡೋಣ. ನೀರು ಗೋಡೆಯಿಂದ ಬರ್ತಿದೆಯೋ ಗಾಳಿಯಿಂದಲೋ, ಅದನ್ನು ಮೊದಲು ತಿಳಿದುಕೊಳ್ಳಿ.

ಎರಡಡಿ ಅಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಹಚ್ಚಿ ನಾಲ್ಕೂ ಅಂಚಿಗೆ ಟೇಪ್ ಹಾಕಿ. ಎರಡು ದಿನ ಬಿಡಿ. ಹನಿ ಗೋಡೆಯ ಕಡೆ ಕೂತರೆ ಗೋಡೆ ನೀರು ಕುಡಿಯುತ್ತಿದೆ ಅಂತ ಅರ್ಥ. ನಿಮ್ಮ ಕಡೆಯ ಮೈಮೇಲೆ ಕೂತರೆ ಅದು ಗಾಳಿಯ ತೇವ. ಪ್ರತಿ ಗೋಡೆಗೂ ಬೇರೆ ಬೇರೆ ಹಚ್ಚಿ, ನೆಲಕ್ಕೂ ಒಂದು ಹಚ್ಚಿ.

ನೀವು ಹೇಳುವ ಬಿಳಿ ಪುಡಿ ಉಪ್ಪು. ನೀರು ಮಣ್ಣಿನ, ಇಟ್ಟಿಗೆಯ ಉಪ್ಪನ್ನು ಹೊತ್ತು ತಂದು, ಗೋಡೆಯ ಮೇಲೆ ತಾನು ಆರಿ, ಉಪ್ಪನ್ನು ಬಿಟ್ಟು ಹೋಗಿದೆ. ಹಾಗಾಗಿ ಹಿಂದಿನ ಗೋಡೆ ಬಗ್ಗೆ ನನಗೆ ಈಗಲೇ ಅನುಮಾನ. ನಮ್ಮ ಎರೆ ಭೂಮಿಯ ಗುಣ ಗೊತ್ತಲ್ಲ? ಬೇಸಿಗೆಯಲ್ಲಿ ಒಣಗಿ ಗೋಡೆಯಿಂದ ಸರಿದು ನಿಲ್ಲುತ್ತದೆ. ಆ ಬಿರುಕಿನಲ್ಲಿ ಕೈ ಹೋಗುವಷ್ಟು ಜಾಗ ಇರುವುದನ್ನು ನೋಡಿದ್ದೇನೆ. ಮೊದಲ ದೊಡ್ಡ ಮಳೆ ನೇರ ಆ ಸಂದಿನಲ್ಲಿ ಇಳಿದು ಪಾಯದ ಹತ್ತಿರ ಕೂರುತ್ತದೆ. ಆಮೇಲೆ ಮಣ್ಣು ಉಬ್ಬಿ ಸಂದು ಮುಚ್ಚಿಕೊಳ್ಳುತ್ತದೆ, ಒಳಗಿನ ನೀರು ಬೇಗ ಬಿಡಲ್ಲ. ಹೊರಗೆ ಗೋಡೆಗೆ ಹತ್ತಿ ಮೂರಡಿ ಅಗಲ ಕಾಂಕ್ರೀಟ್ ಹಾಕಿ ಹೊರಕ್ಕೆ ಇಳಿಜಾರು ಕೊಟ್ಟರೆ ಅರ್ಧ ಕೆಲಸ ಆಯಿತು.

ಇನ್ನೆರಡು ನೋಡಿ. ಮಾಳಿಗೆಯ ಮಳೆನೀರಿನ ಪೈಪು ಎಲ್ಲಿ ಬಿಡುತ್ತದೆ? ನೀರಿನ ಸಂಪ್ ಹಿಂದಿನ ಗೋಡೆಗೆ ಅಂಟಿಕೊಂಡಿದೆಯಾ? ಇದ್ದರೆ ರಾತ್ರಿ ಮೋಟರ್ ಬಂದ್ ಮಾಡಿ, ನಲ್ಲಿ ಬರುವ ವಾಲ್ವೂ ಮುಚ್ಚಿ, ನೀರಿನ ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಎಳೆಯಿರಿ. ಬೆಳಗ್ಗೆ ಗೆರೆಯಿಂದ ಕೆಳಗಿಳಿದಿದ್ದರೆ ನಿಮ್ಮ ಹುಡುಗರು ಕೂತಿರುವುದು ಸಂಪಿನ ನೀರಿನ ಪಕ್ಕದಲ್ಲೇ.

ಒಳಗಿನಿಂದ ವಾಟರ್‌ಪ್ರೂಫ್ ಪೇಂಟ್ ಮಾತ್ರ ಹಚ್ಚಬೇಡಿ. ಹಿಂದಿನಿಂದ ನೀರು ತಳ್ಳುತ್ತಿರುವಾಗ ಅದು ಮುಂದಿನ ಮಳೆಗಾಲಕ್ಕೆ ಸಿಪ್ಪೆ ಬಿಡುತ್ತದೆ. ಸುಮ್ನೆ ದುಡ್ಡು ದಂಡ.

ಭೀಮಾ_ತೀರ

ಯಾದಗಿರಿಯಿಂದ. ನಮ್ಮ ಅಜ್ಜನ ಕಾಲದಲ್ಲಿ ಕಾಳಿನ ಕೋಣೆಯ ಮೂಲೆಗೆ ಸುಟ್ಟ ಸುಣ್ಣದ ಕಲ್ಲು ಇಡುತ್ತಿದ್ದರು ಅಣ್ಣಾ. ಮೂವತ್ತು ಸಾವಿರ ಯಾಕೆ ಸುರಿಯುತ್ತೀರಿ?

ಗ್ಯಾಸ್‌ಚಾರ್ಜ್_ಬೀದರ್

ಸುಣ್ಣದ ಕಲ್ಲು ಒಂದು ಕಿಲೋ ಇಟ್ಟರೆ ಹೆಚ್ಚೆಂದರೆ ಮುನ್ನೂರು ಗ್ರಾಂ ಚಿಲ್ಲರೆ ನೀರು ಹೀರುತ್ತದೆ ಅಣ್ಣಾ. ಆಮೇಲೆ ಅದು ಬರೀ ಸುಣ್ಣದ ಪುಡಿ. ನೀರು ಚೆಲ್ಲಿದರೆ ಕಾಯ್ದು ಸಿಡಿಯುತ್ತದೆ, ಕಣ್ಣಿಗೆ ಹೋದರೆ ಕಷ್ಟ. ಹುಡುಗರು ಓಡಾಡುವ ಕಡೆ ಬೇಡ.

ಓದುಮನೆ ಸರ್, ನಾನು ಫ್ರಿಜ್, ಎಸಿ ರಿಪೇರಿ ಮಾಡುವವನು. ಲೆಕ್ಕ ಹಾಕೋಣ. ಸುಮ್ಮನೆ ಕೂತು ಓದುವ ಒಬ್ಬ ಮನುಷ್ಯ ಉಸಿರು, ಬೆವರು ಸೇರಿ ಗಂಟೆಗೆ ಸುಮಾರು 50 ಗ್ರಾಂ ನೀರು ಬಿಡುತ್ತಾನೆ. 30 ಜನ ಅಂದರೆ ಗಂಟೆಗೆ ಒಂದೂವರೆ ಲೀಟರ್, 14 ಗಂಟೆಗೆ 20 ಲೀಟರ್ ದಾಟುತ್ತದೆ. ಗೋಡೆ ಪೂರ್ತಿ ಒಣಗಿದ್ದರೂ ಇದು ಇದ್ದೇ ಇರುತ್ತದೆ. ಇಷ್ಟನ್ನು ಡಿಹ್ಯುಮಿಡಿಫೈಯರ್ ಒಂದರ ತಲೆಗೆ ಕಟ್ಟಬೇಡಿ. ಹಗಲಿನ ಕೆಲಸ ಎಸಿ ಮತ್ತು ಎಕ್ಸಾಸ್ಟ್ ಫ್ಯಾನಿನದು. ಮೆಷಿನ್ನಿನ ಕೆಲಸ ರಾತ್ರಿಯದು.

ಯಾಕೆ ಅಂತ ಕೇಳಿ. ಡಿಹ್ಯುಮಿಡಿಫೈಯರ್ ಹೊರಗಿನ ಗಾಳಿ ತರಲ್ಲ, ಇರುವುದನ್ನೇ ಸುತ್ತಿಸುತ್ತದೆ. 30 ಜನ ಮುಚ್ಚಿದ ರೂಮಿನಲ್ಲಿ ಕೂತರೆ ತೇವ ಕಡಿಮೆ ಇದ್ದರೂ ಮಧ್ಯಾಹ್ನ ಎಲ್ಲರೂ ತೂಕಡಿಸುತ್ತಾರೆ. ಜೊತೆಗೆ ಅದು ಬಿಸಿ ಉಗುಳುತ್ತದೆ. ಅದು ತಿನ್ನುವ ಕರೆಂಟ್ ಅಷ್ಟೇ ಅಲ್ಲ, ಆವಿ ನೀರಾಗುವಾಗ ಬಿಡುವ ಶಾಖವೂ ರೂಮಿಗೇ ಬೀಳುತ್ತದೆ. ಒಂದು ಸಣ್ಣ ರೂಮ್ ಹೀಟರ್ ಲೆಕ್ಕ. ಹಗಲು ಹಾಕಿದರೆ ಆ ಬಿಸಿಯನ್ನು ಮತ್ತೆ ಎಸಿ ತೆಗೆಯಬೇಕು.

ಎಸಿಯ ಡ್ರೈ ಮೋಡ್ ಕೇಳಿದಿರಿ. ಎಸಿ ನೀರು ತೆಗೆಯುವುದು ಕಂಪ್ರೆಸರ್ ಓಡಿದಾಗ ಮಾತ್ರ. ಮಳೆ ಹಿಡಿದ ದಿನ ರೂಮು ಮೊದಲೇ 25 ಡಿಗ್ರಿ ಇರುತ್ತದೆ, ಬೇಗ ತಣ್ಣಗಾಗಿ ಕಂಪ್ರೆಸರ್ ನಿಲ್ಲುತ್ತದೆ, ತೇವ ಹಾಗೇ ಉಳಿಯುತ್ತದೆ. ಇನ್ವರ್ಟರ್ ಎಸಿ ನಿಧಾನ ಓಡುವಾಗ ಕಾಯಿಲ್ ಅಷ್ಟು ತಣ್ಣಗಿರಲ್ಲ, ನೀರು ಇನ್ನೂ ಕಡಿಮೆ. ನಿಮ್ಮ ಸಂಜೆಯ 75ಕ್ಕೆ ಇದೂ ಒಂದು ಕಾರಣ. ಎರಡು ಎಸಿ ಬದಲು ಒಂದನ್ನೇ, ಎಸಿಯ ಫ್ಯಾನ್ ಕಡಿಮೆ ಇಟ್ಟು ಓಡಿಸಿ ನೋಡಿ. ಅದು ಜಾಸ್ತಿ ಹೊತ್ತು ಓಡುತ್ತದೆ, ಜಾಸ್ತಿ ನೀರು ತೆಗೆಯುತ್ತದೆ.

ಈಗ ಮೆಷಿನ್. ನಾಲ್ಕು ಸಾವಿರದ್ದರಲ್ಲಿ ಕಂಪ್ರೆಸರ್ ಇರಲ್ಲ, ದಿನಕ್ಕೆ ಅರ್ಧ ಲೀಟರ್ ಆಸುಪಾಸು ತೆಗೆಯುತ್ತದೆ. ಬಟ್ಟೆ ಕಪಾಟಿಗೆ ಸರಿ. ಕಂಪ್ರೆಸರ್ ಇರುವುದೇ ಬೇಕು. ಡಬ್ಬದ ಮೇಲೆ "ದಿನಕ್ಕೆ 20 ಲೀಟರ್" ಅಂತ ಇರುತ್ತದಲ್ಲ, ಅದು ಸಾಮಾನ್ಯವಾಗಿ 30 ಡಿಗ್ರಿ, 80 ಪರ್ಸೆಂಟ್ ತೇವದಲ್ಲಿ ಅಳೆದದ್ದು. ನೀವು 60ಕ್ಕೆ ಇಳಿಸುವಷ್ಟರಲ್ಲಿ ಅದರ ಅರ್ಧ ಬಂದರೆ ದೊಡ್ಡದು. ರಾತ್ರಿ ಎಂಟು ಗಂಟೆಯಷ್ಟೇ ಸಿಗುವುದರಿಂದ 30 ಲೀಟರಿಗಿಂತ ಕೆಳಗೆ ಹೋಗಬೇಡಿ, ಐದು ಲೀಟರ್ ಸಿಕ್ಕೀತು. ನಿಮ್ಮ ಅಳತೆಯ ರೂಮಿನ ಗಾಳಿಯಲ್ಲಿ ಹೆಚ್ಚುವರಿ ಇರುವುದು ಒಂದೂವರೆ ಲೀಟರ್ ಅಷ್ಟೇ. ಉಳಿದದ್ದು ಪ್ಲೈವುಡ್, ಪುಸ್ತಕ, ಗೋಡೆಯೊಳಗಿಂದ ನಿಧಾನ ಬರುತ್ತದೆ. ಮೊದಲ ಕೆಲವು ದಿನ ಮೀಟರ್ ಇಳಿಯಲಿಲ್ಲ ಅಂತ ಕಂಪನಿಗೆ ಬೈಯಬೇಡಿ.

ರಾತ್ರಿ ಸಂದುಗಳನ್ನೂ ಎಕ್ಸಾಸ್ಟನ್ನೂ ಮುಚ್ಚಿ ಹಾಕಿ. ಹೊರಗೆ 26 ಡಿಗ್ರಿ, 85 ಪರ್ಸೆಂಟ್ ಇದ್ದರೆ ಆ ಗಾಳಿ 23 ಡಿಗ್ರಿಯ ನೆಲಕ್ಕೆ ತಾಗಿದ ಕೂಡಲೇ ಬೆವರುತ್ತದೆ. ವಾಸನೆ ಹೋಗಲಿ ಅಂತ ರಾತ್ರಿಯೆಲ್ಲ ಫ್ಯಾನ್ ಹಾಕಿದರೆ ನೀರನ್ನೇ ಎಳೆದುಕೊಂಡ ಹಾಗೆ. ವಾಸನೆ ಹೋಗಲು ಗಾಳಿ ಆಡಿಸುವುದಿದ್ದರೆ ಮಳೆ ಬಿಟ್ಟ ಮಧ್ಯಾಹ್ನ ಎರಡು ಮೂರು ಗಂಟೆಗೆ ಆಡಿಸಿ. ಡೆಸರ್ಟ್ ಕೂಲರ್ ಇದ್ದರೆ ಜೂನ್‌ಗೆ ಕಟ್ಟಿ ಅಟ್ಟಕ್ಕೆ ಹಾಕಿ.

ಅಕ್ಷರದಕ್ಕ

ನಾನು ಬೀದರ್ ಕಡೆ ಕಾಲೇಜು ಗ್ರಂಥಾಲಯದಲ್ಲಿದ್ದೇನೆ. ಮೆಷಿನ್ ಬಗ್ಗೆ ಅಣ್ಣ ಹೇಳಿದ್ದಾರೆ, ಪುಸ್ತಕದ ಬಗ್ಗೆ ನಾನು ಹೇಳುತ್ತೇನೆ. ಕಪಾಟು ಗೋಡೆಯಿಂದ ನಾಲ್ಕು ಬೆರಳು ದೂರ, ನೆಲದಿಂದ ಅರ್ಧ ಅಡಿ ಮೇಲೆ ಇರಲಿ. ಪುಸ್ತಕ ಒತ್ತಿ ತುಂಬಬೇಡಿ. ಬೂಷ್ಟು ಹಿಡಿದದ್ದನ್ನು ಹಸಿ ಬಟ್ಟೆಯಲ್ಲಿ ಒರೆಸಲೇಬಾರದು. ಮೊದಲು ಒಣಗಿಸಿ, ಮಾಸ್ಕ್ ಹಾಕಿಕೊಂಡು ಹೊರಗೆ ಮೆತ್ತನೆ ಬ್ರಷ್‌ನಲ್ಲಿ ಕೊಡವಿ. ನುಸಿ ಗುಳಿಗೆ ಹುಳಕ್ಕೆ, ಬೂಷ್ಟಿಗೆ ಅದು ಮದ್ದಲ್ಲ.

ನಿಮ್ಮ ಮೀಟರ್ ನಂಬುವ ಮೊದಲು ಒಂದು ಪರೀಕ್ಷೆ ಮಾಡಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ ಒದ್ದೆ ಮರಳಿನ ಹದಕ್ಕೆ ನೀರು ಬಿಡಿ. ಅದನ್ನೂ ಮೀಟರನ್ನೂ ಒಂದೇ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಡಿ. ಮರುದಿನ 75 ತೋರಿಸಬೇಕು. 80 ತೋರಿಸಿದರೆ ನಿಮ್ಮದು ಐದು ಜಾಸ್ತಿ ಹೇಳುವ ಮೀಟರ್.

ಓದುಮನೆ_ಕಲಬುರಗಿ

ಎಲ್ಲರಿಗೂ ಶರಣು. ಮೇಡಂ, ಉಪ್ಪಿನ ಪರೀಕ್ಷೆಯಲ್ಲಿ 78 ಬಂತು. ಅಂದರೆ ನನ್ನ 84 ನಿಜಕ್ಕೆ 81, ಖುಷಿಪಡುವಂಥದ್ದೇನಿಲ್ಲ. ಪ್ಲಾಸ್ಟಿಕ್ ಹಚ್ಚಿದೆ. ಪಕ್ಕದ ಗೋಡೆಗಳಲ್ಲಿ ಹನಿ ನಮ್ಮ ಕಡೆ, ಹಿಂದಿನ ಗೋಡೆಯಲ್ಲಿ ಮಾತ್ರ ಒಳಗಡೆ. ಎರೆಮಣ್ಣು ಸರ್ ಊಹಿಸಿದ ಹಾಗೆ ಸಂಪ್ ಅಲ್ಲೇ ಇದೆ, ಬೆಳಗ್ಗೆ ನೀರು ಗೆರೆಗಿಂತ ಎರಡು ಬೆರಳು ಇಳಿದಿತ್ತು. ಫೋಟೋ ತೋರಿಸಿದ ಮೇಲೆ ಮಾಲೀಕರು ಸಂಪ್ ಖಾಲಿ ಮಾಡಿಸಿ ಪ್ಲಾಸ್ಟರ್ ಮಾಡಿಸಲು ಒಪ್ಪಿದ್ದಾರೆ. ನೀರು ಪೋಲಾಗುತ್ತಿದೆ ಅನ್ನುವುದು ಅವರಿಗೆ ನನ್ನ ಬೂಷ್ಟಿಗಿಂತ ಬೇಗ ಅರ್ಥವಾಯಿತು. ಪುಸ್ತಕಗಳಿಗಾಗಿ 30 ಲೀಟರಿನ ಮೆಷಿನ್ ಈಗಲೇ ತಗೊಳ್ಳುತ್ತೇನೆ. ಬೀದರ್ ಅಣ್ಣಾ, ನೀರು ಮೇಲಕ್ಕೆ ಹೇಗೆ ಕಳಿಸುವುದು ಅಷ್ಟು ಹೇಳಿಬಿಡಿ.

ಗ್ಯಾಸ್‌ಚಾರ್ಜ್_ಬೀದರ್

ಮೆಷಿನ್ನಿನ ಪೈಪು ಇಳಿಜಾರಿನಲ್ಲಿ ಮಾತ್ರ ನೀರು ಬಿಡುತ್ತದೆ, ಏರಿಸಲ್ಲ. ಎಸಿಗೆ ಹಾಕುವ ಡ್ರೇನ್ ಪಂಪ್ ಸಿಗುತ್ತದೆ, ಅದನ್ನು ಜೋಡಿಸಿ. ಎಷ್ಟು ಎತ್ತರಕ್ಕೆ ಏರಿಸುತ್ತದೆ ಅಂತ ನೋಡಿ ತನ್ನಿ, ನಿಮಗೆ ಹತ್ತಡಿಯಾದರೂ ಬೇಕು. ಪಂಪ್ ಬೇಡ ಅಂದರೆ ಬಕೆಟ್ ಇದ್ದೇ ಇದೆ. ತುಂಬಿದರೆ ಮೆಷಿನ್ ತಾನೇ ನಿಲ್ಲುತ್ತದೆ, ಬೆಳಗ್ಗೆ ಚೆಲ್ಲಿ. ಕುಡಿಯಲು ಆ ನೀರು ಬೇಡ, ನೆಲ ಒರೆಸಲು ಆಗುತ್ತದೆ.

ಕೊಳ್ಳುವಾಗ ಅಂಗಡಿಯಲ್ಲೇ ಒಂದು ನೋಡಿಕೊಳ್ಳಿ. 55ಕ್ಕೆ ಸೆಟ್ ಮಾಡಿ, ಓಡುತ್ತಿರುವಾಗಲೇ ಗೋಡೆಯ ಸ್ವಿಚ್ ಆರಿಸಿ, ಐದು ನಿಮಿಷ ಬಿಟ್ಟು ಹಾಕಿ. ತಾನಾಗಿ ಮತ್ತೆ 55ರಲ್ಲೇ ಶುರುವಾಗಬೇಕು. ಕೆಲವು ಮಾಡೆಲ್ ಬಟನ್ ಒತ್ತುವವರೆಗೂ ಏಳುವುದಿಲ್ಲ. ರಾತ್ರಿ ಎರಡಕ್ಕೆ ಕರೆಂಟ್ ಹೋಗಿ ಬಂದರೆ ಬಟನ್ ಒತ್ತಲು ನಿಮ್ಮ ಸೆಲ್ಲರ್‌ನಲ್ಲಿ ಯಾರಿರುತ್ತಾರೆ?